ಮೂರು ಚಳಿಗಾಲಕ್ಕಾಗುವ ಬೂಟು

ಇದು ನಡೆದ ಕಥೆ. ಬಾಯಿಂದ ಬಾಯಿಗೆ ಬರುವಾಗ ಒಂಚೂರು ಉಪ್ಪುಖಾರ ಹತ್ತಿರಬಹುದು. ಬೂಟು ಮಾತ್ರ ಅಪ್ಪಟ ನಿಜ.

ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಅಳತೆಗೆ ಸರಿಯಾದದ್ದು ಒಂದೂ ಇರುವುದಿಲ್ಲ. ಅಂಗಿಯ ತೋಳು ಬೆರಳು ದಾಟಿರುತ್ತದೆ, ಟೊಪ್ಪಿ ಮೂಗಿನ ಮೇಲೆ ಕೂತಿರುತ್ತದೆ. "ಬೆಳೀತಾರೆ ಬಿಡು, ಆಮೇಲೆ ಸರಿಹೋಗುತ್ತೆ" ಎನ್ನುವ ಅಪ್ಪ ಒಬ್ಬ ಮನೆಮನೆಯಲ್ಲೂ ಇರುತ್ತಾನೆ. ಹಿಮಬೆಟ್ಟಗಳ ಬುಡದಲ್ಲಿರುವ ಕಾಮ್ನಿಕ್ ಪೇಟೆಯ ಅಂಚಿನ ಹಳದಿ ಮನೆಯಲ್ಲಿ ಆ ಅಪ್ಪನ ಹೆಸರು ಬೊಯಾನ್. ಅವನನ್ನು ಸಹಿಸಿಕೊಂಡಿದ್ದ ಹೆಂಡತಿಯ ಹೆಸರು ಪೊಲೋನಾ.

ಹಿಮ ಬೀಳುವ ಮೊದಲು ಅಲ್ಲಿಯ ಶಾಲೆಯ ಆಟದ ಹಾಲಿನಲ್ಲಿ ಹಳೆಯ ಸ್ಕೀ ಸಾಮಾನಿನ ಸಂತೆ ನಡೆಯುತ್ತದೆ. ತಮ್ಮ ಮಕ್ಕಳಿಗೆ ಚಿಕ್ಕದಾದದ್ದನ್ನು ಮಾರಿ, ಬೇರೆಯವರ ಮಕ್ಕಳಿಗೆ ಚಿಕ್ಕದಾದದ್ದನ್ನು ಕೊಂಡು ತರುವುದು ವಾಡಿಕೆ. ಮಕ್ಕಳನ್ನು ಕರೆದುಕೊಂಡು ಹೋಗು, ಕಾಲಿಗೆ ಹಾಕಿ ನೋಡು ಎಂದು ಗಂಡನಿಗೆ ಹೇಳಿ ಹೇಳಿ ಪೊಲೋನಾಗೆ ಸಾಕಾಗಿತ್ತು. "ಅವರಿಗೆ ಗೊತ್ತಾಗಬಾರದು ಕಣೇ, ಸರ್‌ಪ್ರೈಸ್!" ಎಂದು ಒಬ್ಬನೇ ಹೋದ ಬೊಯಾನ್, ಮಧ್ಯಾಹ್ನ ಎರಡು ಜೊತೆ ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಪದಕ ಗೆದ್ದವನ ಹಾಗೆ ಬಂದ.

"ಫೆಬ್ರವರಿ ರಜೆಗೆ ನಮ್ಮ ಮನೆಯ ಮೊದಲ ಸ್ಕೀ ಪ್ರವಾಸ! ಎಲ್ಲಾ ಪ್ಲಾನ್ ಆಯ್ತು."

"ಪ್ಲಾನ್ ಅಂದ್ರೆ?"

"ಬೆಳಿಗ್ಗೆ ಲಿಫ್ಟ್ ಶುರುವಾಗೋದ್ರೊಳಗೆ ಅಲ್ಲಿರೋದು. ಸೀದಾ ಬೆಟ್ಟದ ತುದಿಗೆ. ಸಂಜೆ ಲಿಫ್ಟ್ ನಿಲ್ಲೋವರೆಗೂ ಹತ್ತೋದು, ಇಳಿಯೋದು. ರಜೆ ಮುಗಿಯೋದ್ರಲ್ಲಿ ಮಕ್ಕಳು ಹಕ್ಕಿ ಥರ ಹಾರ್ತಾರೆ."

"ಕಲಿಸೋರು ಯಾರು?"

ಬೊಯಾನ್ ಎದೆ ತಟ್ಟಿಕೊಂಡ. "ನಾನಿಲ್ವಾ? ನಮ್ಮಪ್ಪ ನನ್ನ ಬೆನ್ನಿಗೆ ಒಂದು ತಳ್ಳು ಕೊಟ್ಟ, ಕಲಿತೆ. ಮೇಷ್ಟ್ರು ಗೀಷ್ಟ್ರು ಎಲ್ಲಾ ಬೇರೆ ಊರಿಂದ ಬರೋ ಪ್ರವಾಸಿಗರಿಗೆ."

ಪೊಲೋನಾ ಬೂಟನ್ನು ಎತ್ತಿ ನೋಡಿದಳು. ಏಳು ವರ್ಷದ ಬ್ರಿನಾಳ ಬೂಟಿನಲ್ಲಿ ಅವಳ ತಮ್ಮ ವೀದ್ ಇಡಿಯಾಗಿ ಕೂರಬಹುದಿತ್ತು.

"ಬೊಯಾನ್, ಇದು ಬೂಟೋ ಬಕೆಟ್ಟೋ?"

"ಮೂರು ಚಳಿಗಾಲಕ್ಕೆ ಆಗುತ್ತೆ. ಈ ವರ್ಷ ಎರಡು ಜೊತೆ ಕಾಲುಚೀಲ ತುರುಕೋದು, ಬರೋ ವರ್ಷ ಒಂದು, ಆಮೇಲೆ ಬರೀ ಕಾಲು. ಲೆಕ್ಕ ನೋಡು ಹೇಗಿದೆ!"

ಲೆಕ್ಕ ಚೆನ್ನಾಗಿಯೇ ಇತ್ತು. ಕಾಲಿಗೆ ಮಾತ್ರ ಆ ಲೆಕ್ಕ ಬರುತ್ತಿರಲಿಲ್ಲ. ಬೂಟು ಹಾಕಿಕೊಂಡು ಮೆಟ್ಟಿಲ ಹತ್ತಿರ ನಡೆದು ತೋರಿಸಲು ಹೋದ ಬ್ರಿನಾ, ಬೂಟು ಅಲ್ಲೇ ನಿಂತು ತಾನು ಮುಂದೆ ಹೋಗಿ, ಮುಗ್ಗರಿಸಿ ತುಟಿ ಒಡೆದುಕೊಂಡಳು. ರಕ್ತ ಹೆಚ್ಚೇನೂ ಬರಲಿಲ್ಲ. ಆದರೆ ಬೂಟುಗಳನ್ನು ಬಾಗಿಲ ಹೊರಗಿಟ್ಟು ಬಂದು, "ನಂಗೆ ಸ್ಕೀ ಬೇಡ. ಯಾವತ್ತೂ ಬೇಡ" ಎಂದಳು.

"ಇಷ್ಟಕ್ಕೇ ಅಳ್ತಾರಾ? ನಿನ್ನ ವಯಸ್ಸಲ್ಲಿ ನಾನು..." ಎಂದು ಬೊಯಾನ್ ಶುರುಮಾಡಿದ.

'ಯಾವತ್ತೂ ಬೇಡ' ಎನ್ನುವ ಮಾತು ಒಮ್ಮೆ ಪೊಲೋನಾಳದೇ ಆಗಿತ್ತು. ಇದೇ ವಯಸ್ಸಿನಲ್ಲಿ ಅವಳ ಅಪ್ಪ ಅವಳನ್ನು ದೊಡ್ಡಪ್ಪನ ಮಗನ ಬೂಟಿನಲ್ಲಿ ನಿಲ್ಲಿಸಿ, ಬೆಟ್ಟದ ಮೇಲೆ ಬಿಟ್ಟು, "ಬಾ ಕೆಳಗೆ!" ಎಂದು ಕೂಗಿದ್ದ. ಅವಳು ಕೆಳಗೆ ಬಂದದ್ದು ಯಾರದೋ ಹೆಗಲ ಮೇಲೆ, ಅಳುತ್ತಾ. ಅಂದಿನಿಂದ ಇಡೀ ಊರು ಸ್ಕೀಗೆ ಹೋಗುವ ಭಾನುವಾರಗಳಲ್ಲಿ ಅವಳೊಬ್ಬಳು ಮನೆಯಲ್ಲಿ ಸೂಪು ಕುದಿಸುತ್ತಾ ಕೂರುತ್ತಿದ್ದಳು. ಮಗಳಿಗೂ ಅದೇ ಸೂಪಿನ ಪಾತ್ರೆ ಬರಬಾರದು ಎನ್ನುವುದೊಂದೇ ಅವಳ ಆಸೆ.

ಹೇಳಿದಳು. ಬಿಡಿಸಿ ಹೇಳಿದಳು. ಬೈದು ಹೇಳಿದಳು. ಬೊಯಾನ್ ಪ್ರತಿಸಲವೂ ತಲೆಯಾಡಿಸಿ, "ನೀನು ಹೆದರಿಕೊಂಡಿದ್ದೀಯ, ಅಷ್ಟೇ. ಅಳುಕಿಲ್ದೆ ಕಲಿಕೆ ಬರುತ್ತೇನೇ?" ಎಂದು ಸ್ಕೀಗಳಿಗೆ ಮೇಣ ತಿಕ್ಕಲು ಹೋಗುತ್ತಿದ್ದ. ಅವನಿಗೆ ಯಾವ ಮಾತೂ ಹತ್ತದು, ಎಲ್ಲ ಜಾರುತ್ತದೆ. ಮೇಣ ಸ್ಕೀಗೆ ತಿಕ್ಕುತ್ತಾನೋ ಕಿವಿಗೋ ಎಂದು ಪೊಲೋನಾಗೆ ಅನುಮಾನ ಬಂತು.

ಕೊನೆಗೆ ಬೊಯಾನನ ಅಕ್ಕ ರೊಮಾನಾಗೆ ಫೋನ್ ಮಾಡಿದಳು. ರೊಮಾನಾ ಊರ ಕ್ಲಬ್ಬಿನ ಚಿಕ್ಕ ಗುಡ್ಡದಲ್ಲಿ ಚಿಕ್ಕ ಮಕ್ಕಳಿಗೆ ಸ್ಕೀ ಕಲಿಸುವವಳು. ಜೊತೆಗೆ ಅವಳಿಗೆ ಇನ್ನೊಂದು ವಿದ್ಯೆಯೂ ಇತ್ತು: ಯಾರನ್ನಾದರೂ ಒಂದು ಸಲ ನೋಡಿದರೆ ಸಾಕು, ಅವರ ದನಿ, ನಡಿಗೆ, ಮೂಗು ಒರೆಸುವ ರೀತಿ, ಎಲ್ಲ ಮಾಡಿ ತೋರಿಸುತ್ತಿದ್ದಳು.

"ರೊಮಾನಕ್ಕಾ, ನಿಮ್ಮ ತಮ್ಮನಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ."

"ಹೇಳಿದ್ರೆ ಕೇಳೋ ಪ್ರಾಣಿ ಅಲ್ಲ ಅದು. ಹಿಮ ಬೀಳ್ಲಿ, ಬರ್ತೀನಿ."

ಡಿಸೆಂಬರಿನಲ್ಲಿ ಹಿಮ ಬಿತ್ತು. ಭಾನುವಾರ ರೊಮಾನಾ ಅಕ್ರೋಟು ತುಂಬಿ ಸುರುಳಿ ಸುತ್ತಿದ ಪೊಟಿತ್ಸಾ ಎಂಬ ಸಿಹಿ ರೊಟ್ಟಿಯನ್ನೂ ಒಂದು ದೊಡ್ಡ ಚೀಲವನ್ನೂ ತಂದಳು. ಬೂಟುಗಳನ್ನು ನೋಡಿದಳು. ಈಗ ಬೈಗುಳ ಬರುತ್ತದೆ ಎಂದು ಪೊಲೋನಾ ಕಾದಳು. ರೊಮಾನಾ ಬೈಯಲೇ ಇಲ್ಲ.

"ಒಳ್ಳೇ ಬೂಟು ಕಣೋ. ನೀನೇ ಕಲಿಸ್ತೀಯಂತೆ? ತುಂಬಾ ಸಂತೋಷ. ಮನೆ ಹಿಂದಿನ ದಿಬ್ಬದ ಮೇಲೆ ಒಂದ್ಸಲ ಇಳಿದು ತೋರಿಸು, ಮಕ್ಕಳು ನೋಡ್ಲಿ. ಅಮ್ಮನ ಮನೆ ನೆಲಮಾಳಿಗೆಯಿಂದ ನಿನ್ನ ಹಳೇ ಬೂಟು ತಂದಿದ್ದೀನಿ."

ಚೀಲದಿಂದ ನೀಲಿ ಬೂಟುಗಳು ಹೊರಬಂದವು. ಬೊಯಾನನ ಹಳೆಯ ಬೂಟುಗಳೂ ನೀಲಿಯೇ. ಆದರೆ ಇವು ಅವನವಲ್ಲ, ರೊಮಾನಾಳ ಗಂಡ ಸ್ತಾನೆಯವು ಎಂದು ಪೊಲೋನಾಗೆ ಕೂಡಲೇ ಹೊಳೆಯಿತು. ಸ್ತಾನೆ ಯಾವ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಒಳಬರುವ ಆಳು. ಅವನ ಚಪ್ಪಲಿಯಲ್ಲಿ ಬೆಕ್ಕು ಮರಿ ಹಾಕಬಹುದು. ರೊಮಾನಾ ಅವಳತ್ತ ಒಂದು ಕಣ್ಣು ಮಿಟುಕಿಸಿದಳು.

ಬೊಯಾನ್ ಕಾಲು ಹಾಕಿದ. ಮುಖ ಒಂದು ಕ್ಷಣ ಪೆಚ್ಚಾಯಿತು.

"ಯಾಕೋ, ದೊಡ್ಡದಾಯ್ತಾ?"

"ಛೇ ಛೇ, ನಂದೇ ಅಲ್ವಾ! ಸ್ವಲ್ಪ... ಗಾಳಿ ಆಡ್ತಿದೆ."

"ವಯಸ್ಸಾದ ಹಾಗೆ ಪಾದ ಸೊರಗುತ್ತೆ ಕಣೋ. ಇಗೋ, ಇನ್ನೊಂದು ಜೊತೆ ಕಾಲುಚೀಲ ತುರುಕು. ನಿನ್ನದೇ ಉಪಾಯ."

ಬೂಟಾಟಿಕೆ ಎಂದರೆ ಇದೇ ಇರಬೇಕು ಎಂದುಕೊಂಡ ಪೊಲೋನಾ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು. ಎರಡು ಜೊತೆ ಉಣ್ಣೆಯ ಕಾಲುಚೀಲದ ಮೇಲೆ ಬೂಟು, ಬೂಟಿನ ಕೆಳಗೆ ಸ್ಕೀ, ತಲೆಗೆ ಹೆಲ್ಮೆಟ್. ದಿಬ್ಬವೋ, ಮೇಕೆಯೂ ಗುಡ್ಡ ಎಂದು ಗೌರವಿಸದಷ್ಟು ಚಿಕ್ಕದು. ಕೆಳಗೆ ಮೆತ್ತಗಿನ ಹಿಮ. ಬೊಯಾನ್ ಮೇಲೆ ನಿಂತ. ಕೆಳಗೆ ನಿಂತಿದ್ದ ರೊಮಾನಾ ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ, ಗಂಟಲು ಸರಿಮಾಡಿಕೊಂಡಳು. ಬಂದದ್ದು ಬೊಯಾನನ ದನಿ.

"ಮಂಡಿ! ಮಂಡಿ ಬಗ್ಗಿಸು! ಏನ್ ನೋಡ್ತಿದ್ದೀಯ, ಹಕ್ಕಿ ಥರ ಹಾರು!"

"ಅಕ್ಕಾ, ಸ್ವಲ್ಪ ತಡಿ, ಹಿಮ್ಮಡಿ ಎದ್ದೇಳ್ತಿದೆ..."

"ಹಿಮ್ಮಡಿ ಇಲ್ಲ, ಗಿಮ್ಮಡಿ ಇಲ್ಲ! ಅಳಬೇಡ! ನಿನ್ನ ವಯಸ್ಸಲ್ಲಿ ನಾನು ಬೆಟ್ಟದ ತುದಿಯಿಂದ ಒಂಟಿ ಕಾಲಲ್ಲಿ ಇಳೀತಿದ್ದೆ! ಬಾ ಕೆಳಗೆ!"

ಬೊಯಾನ್ ಹೊರಟ. ಎಡಕ್ಕೆ ತಿರುಗಲು ಪಾದ ತಿರುಗಿಸಿದ. ಪಾದ ಬೂಟಿನೊಳಗೆ ಎಡಕ್ಕೆ ಹೋಯಿತು, ಬೂಟು ಬಲಕ್ಕೆ ಹೋಯಿತು. ನಿಲ್ಲಿಸಲು ಹಿಮ್ಮಡಿ ಒತ್ತಿದ; ಒತ್ತಲು ಹಿಮ್ಮಡಿ ತಳದಲ್ಲಿ ಇರಲೇ ಇಲ್ಲ. ಯೋಜನೆ ಜಾರಿಗೆ ಬಂತು, ಯೋಜಕ ಜಾರಿ ಬಿದ್ದ. ಕೋಳಿಗೂಡಿನ ಪಕ್ಕದ ಹಿಮದ ರಾಶಿಯಲ್ಲಿ ಬೊಯಾನ್ ಕೂತಿದ್ದ. ಬಲಗಾಲಿನ ಬೂಟು ಸ್ಕೀಗೆ ಕಚ್ಚಿಕೊಂಡೇ ನಿಂತಿತ್ತು; ಕಾಲು ಮಾತ್ರ ಕಾಲುಚೀಲದ ಸಮೇತ ಹೊರಗೆ ಬಂದಿತ್ತು. ಬೂಟಿನ ನಾಲಿಗೆಯ ಒಳಬದಿಯಲ್ಲಿ ದಪ್ಪ ಅಕ್ಷರದಲ್ಲಿ 'ಸ್ತಾನೆ' ಎಂದು ಬರೆದಿತ್ತು.

ಯಾರೂ ನಗಲಿಲ್ಲ. ಬೊಯಾನನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

"ಮಕ್ಕಳ ಮುಂದೆ ಈ ಥರ ಆಡಿಸ್ತೀರಾ? ಕಾಲು ಮುರಿದಿದ್ರೆ?"

"ಅದನ್ನೇ ಕಣೋ ನಿನ್ನ ಹೆಂಡ್ತಿ ನವೆಂಬರಿನಿಂದ ಕೇಳ್ತಿರೋದು," ಎಂದಳು ರೊಮಾನಾ, ಈಗ ತನ್ನದೇ ದನಿಯಲ್ಲಿ. "ನಿಂಗೆ ಮೂವತ್ತು ವರ್ಷದ ಅಭ್ಯಾಸ, ಮೇಕೆ ದಿಬ್ಬ, ಆದ್ರೂ ಬಿದ್ದೆ. ಏಳು ವರ್ಷದ ಮಗಳನ್ನ ಬೆಟ್ಟದ ತುದಿಗೆ ಕರ್ಕೊಂಡು ಹೋಗ್ತೀನಿ ಅಂತಿದ್ದೀಯಲ್ಲ?"

ಬೊಯಾನ್ ಇನ್ನೊಂದು ಬೂಟನ್ನೂ ಕಿತ್ತೆಸೆದು ಒಳಗೆ ಹೋದ. ಊಟಕ್ಕೆ ಕೂತಾಗಲೂ ಬಟ್ಟಲಿನಿಂದ ಮುಖ ಎತ್ತಲಿಲ್ಲ. ಹುಳಿ ಕೋಸಿನ ಸಾರು ಬಡಿಸುತ್ತಿದ್ದ ಪೊಲೋನಾಗೆ ಇದೂ ಕೆಟ್ಟಿತೇನೋ ಎನ್ನಿಸಿತು. ಇವನು ಮುನಿಸಿಕೊಂಡರೆ ಮಾರ್ಚಿನವರೆಗೂ ಮುಂದುವರಿಸುವವನು. ರೊಮಾನಾ ಮಾತ್ರ ವೀದನ ಪಾದವನ್ನು ಕೈಯಲ್ಲಿ ಹಿಡಿದು, ಅವನಿಗೇ ಹೇಳುವ ಹಾಗೆ ಹೇಳುತ್ತಾ ಹೋದಳು.

"ನೋಡು ಪುಟ್ಟ, ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗ್ಬೇಕು. ಮಂಡಿ ಬಗ್ಗಿಸಿದಾಗ ಹಿಂದೆ ಸರೀಬೇಕು. ಹಿಮ್ಮಡಿ ಏಳಲೇಬಾರದು. ಒಳಗೆ ಒಂದೇ ಕಾಲುಚೀಲ, ತೆಳ್ಳಗಿರೋದು. ಎರಡು ಹಾಕಿದ್ರೆ ಮಡಿಕೆ ಒತ್ತಿ ನೋಯುತ್ತೆ, ಕಾಲೂ ತಣ್ಣಗಾಗುತ್ತೆ."

"ಪ್ರತಿ ವರ್ಷ ಹೊಸದು ತರೋಕೆ ನಾನೇನು ಸಾಹುಕಾರನಾ?" ಸಾರಿನ ಬಟ್ಟಲಿನೊಳಗಿಂದ ಒಂದು ದನಿ ಬಂತು.

"ಬಾಡಿಗೆಗೆ ತಗೋಳೋ! ಬೆಳೆಯೋ ಮಕ್ಕಳಿಗೆ ಅದೇ ವಾಸಿ. ಬೂಟಿಗೆ ಸ್ಕೀ ಸಿಕ್ಕಿಸೋ, ಬಿದ್ರೆ ಕಳಚೋ ಕೊಂಡೀನ ಮಗುವಿನ ತೂಕ ನೋಡಿ ಅವರೇ ಹೊಂದಿಸ್ತಾರೆ. ಬಿದ್ದಾಗ ಸ್ಕೀ ಕಳಚಿಕೊಂಡ್ರೆ ಕಾಲು ಉಳಿಯುತ್ತೆ. ಸೈಕಲ್ ಹೆಲ್ಮೆಟ್ ಬೇಡ, ಸ್ಕೀದೇ ಬೇಕು. ತಲೆ ಅಲ್ಲಾಡಿಸಿದ್ರೆ ಅದು ಅಲ್ಲಾಡಬಾರದು."

"ಮತ್ತೆ ಕಲಿಸೋದು?" ಎಂದಳು ಪೊಲೋನಾ.

"ಮೊದಲ ದಿನಗಳು ಮೇಷ್ಟ್ರ ಹತ್ರ. ಅಪ್ಪ ಕೂಗಿದ್ರೆ ಮಗುಗೆ ಬೈದ ಹಾಗೆ ಕೇಳುತ್ತೆ. ಮೇಷ್ಟ್ರು ಕೂಗಿದ್ರೆ ಆಟದ ಹಾಗೆ ಕೇಳುತ್ತೆ. ನನ್ನ ಮಕ್ಕಳಿಗೂ ನಾನು ಕಲಿಸ್ಲಿಲ್ಲ, ನನ್ನ ಸ್ನೇಹಿತೆ ಕೈಗೆ ಕೊಟ್ಟೆ. ಜಾಗಕ್ಕೆ ಕ್ಲಬ್ಬಿನ ಚಿಕ್ಕ ಗುಡ್ಡ ಸಾಕು. ಬೆಳಿಗ್ಗೆ ಒಂದೆರಡು ಗಂಟೆ, ಆಮೇಲೆ ಕೋಕೋ. 'ಇನ್ನೊಂದ್ಸಲ' ಅಂತ ಹಟ ಮಾಡ್ತಿರೋವಾಗ್ಲೇ ಎತ್ಕೊಂಡು ಮನೆಗೆ ಬಂದುಬಿಡಿ. ಮರುದಿನ ಅವರೇ ನಿಮ್ಮನ್ನ ಎಬ್ಬಿಸ್ತಾರೆ."

ಆಮೇಲೆ ಬೊಯಾನ್ ಯಾರ ಮುಖವನ್ನೂ ನೋಡದೆ ಕೇಳಿದ: "ಆ ಚಿಕ್ಕ ಗುಡ್ಡದಲ್ಲಿ... ಅಪ್ಪಂದಿರು ನಿಲ್ಲೋಕೆ ಜಾಗ ಇದೆಯಾ?"

"ಬೆಂಚಿದೆ. ಬಾಯಿ ಮುಚ್ಕೊಂಡು ಕೂರೋರಿಗೆ ಮಾತ್ರ."

ಫೆಬ್ರವರಿಯಲ್ಲಿ ಆ ಚಿಕ್ಕ ಗುಡ್ಡಕ್ಕೇ ಹೋದರು. ಬ್ರಿನಾ ಕಾರಿನಿಂದ ಇಳಿಯಲು ಒಪ್ಪಲಿಲ್ಲ. ಪೊಲೋನಾ ಒತ್ತಾಯಿಸಲಿಲ್ಲ, ಬಾಡಿಗೆ ಅಂಗಡಿಯಿಂದ ಒಂದು ಬೂಟನ್ನು ಕಾರಿಗೇ ತಂದಳು. "ಹಾಕಿ ನೋಡು, ಅಷ್ಟೇ. ಬೇಡ ಅಂದ್ರೆ ವಾಪಸ್ ಕೊಡೋಣ." ಬ್ರಿನಾ ಕಾಲು ಹಾಕಿದಳು, ಬೆರಳು ಆಡಿಸಿದಳು, ಮಂಡಿ ಬಗ್ಗಿಸಿದಳು. "ಇದು ನನ್ನ ಕಾಲನ್ನ ಹಿಡ್ಕೊಂಡಿದೆ ಅಮ್ಮಾ" ಎಂದಳು. ಇನ್ನೊಂದು ಬೂಟನ್ನು ತರಲು ಅವಳೇ ಒಂಟಿ ಬೂಟಿನಲ್ಲಿ ಕುಂಟಿಕೊಂಡು ಹೋದಳು. ವೀದ್ ನಾಲ್ಕು ಸಲ ಕ್ಲಬ್ಬಿನ ಇನ್ನೊಬ್ಬ ಮೇಷ್ಟ್ರಮ್ಮನ ಕಾಲಿಗೇ ಹೋಗಿ ಗುದ್ದಿ, ಐದನೆಯ ಸಲ ಅವಳ ಮುಂದೆ ನಿಂತ. ಬೆಂಚಿನ ಮೇಲೆ ಬೊಯಾನ್ ತನ್ನ ಕೈಗವಸನ್ನೇ ಕಚ್ಚಿಕೊಂಡು ಕೂತಿದ್ದ, ಬಾಯಿಂದ 'ಮಂಡಿ' ಎನ್ನುವ ಮಾತು ಹೊರಬರದಂತೆ.

ಮಕ್ಕಳೊಂದಿಗೆ ಮೊದಲ ಸಲ ಹಿಮಕ್ಕೆ ಹೊರಟಿರುವ ಅಮ್ಮಂದಿರೇ, ಮುಖ್ಯವಾಗಿ ಅಪ್ಪಂದಿರೇ, ಬೂಟನ್ನು ಬರುವ ವರ್ಷದ ಕಾಲಿಗಲ್ಲ, ಈವತ್ತಿನ ಕಾಲಿಗೆ ಆರಿಸಿ. ಮಗುವನ್ನು ಮನೆಯಲ್ಲಿ ಬಿಟ್ಟು ಅದರ ಬೂಟು ಕೊಳ್ಳಬೇಡಿ. ಸರಿಹೊಂದುವ ಹೆಲ್ಮೆಟ್ ಇಲ್ಲದೆ ಲಿಫ್ಟ್ ಹತ್ತಿಸಬೇಡಿ. ಹಿಮದ ಮೇಲಿನ ಬಿಸಿಲು ಚರ್ಮ ಸುಡುತ್ತದೆ, ಮುಖಕ್ಕೆ ಕ್ರೀಮು ಮರೆಯಬೇಡಿ. ಒದ್ದೆಯಾದ ಕೈಗವಸು ಬದಲಿಸಲು ಇನ್ನೊಂದು ಜೊತೆ ಜೇಬಿನಲ್ಲಿರಲಿ. ಕಲಿಸುವುದನ್ನು ಕಲಿಸಲು ಬಲ್ಲವರಿಗೆ ಬಿಡಿ. ಬೆಟ್ಟದ ತುದಿ ಎಲ್ಲಿಗೂ ಹೋಗುವುದಿಲ್ಲ. ಹೆದರಿದ ಮಗು ಮಾತ್ರ ಮತ್ತೆ ಬಾರದೆ ಹೋಗಬಹುದು.

ಕೋಕೋ ಕುಡಿಯುವ ಹೊತ್ತಿಗೆ ಬ್ರಿನಾ ಆಗಲೇ ಏಳೆಂಟು ಸಲ ಬಿದ್ದಿದ್ದಳು. ಚಹಾ ಗುಡಿಸಲಿನಲ್ಲಿ ಪಕ್ಕದ ಮೇಜಿನ ಅಜ್ಜಿ, "ಬಿದ್ದಾಗ ಭಯ ಆಗ್ಲಿಲ್ವಾ ಮಗೂ?" ಎಂದು ಕೇಳಿದರು.

"ಇಲ್ಲಪ್ಪಾ. ನಮ್ಮಪ್ಪ ಹೇಗೆ ಬೀಳ್ತಾರೆ ಅಂತ ತೋರಿಸ್ಲಾ?"

ಉತ್ತರಕ್ಕೆ ಕಾಯದೆ ಎದ್ದು, ಎದೆ ಸೆಟೆಸಿ, "ಸ್ವಲ್ಪ ಗಾಳಿ ಆಡ್ತಿದೆ!" ಎಂದಳು. ಒಂದು ಕಾಲು ಎಡಕ್ಕೆ, ಮೈ ಬಲಕ್ಕೆ, ತೋಳು ಗಿರಗಿರ, ಕೊನೆಗೆ ದೊಪ್ಪನೆ ಕೂತು, ಒಂಟಿ ಕಾಲನ್ನು ಮೇಲೆತ್ತಿ ಪಿಳಿಪಿಳಿ ನೋಡಿದಳು. ಗುಡಿಸಲೆಲ್ಲ ಘೊಳ್ಳೆಂದಿತು. ಪೊಲೋನಾ ಹೆದರಿ ಗಂಡನತ್ತ ತಿರುಗಿದಳು. ಬೊಯಾನ್ ಕೋಕೋ ಬಟ್ಟಲನ್ನು ಮೇಜಿನ ಮೇಲಿಟ್ಟು, ಕಣ್ಣು ಒರೆಸಿಕೊಳ್ಳುತ್ತಾ, "ಇನ್ನೊಂದ್ಸಲ ಮಾಡೇ, ಇನ್ನೊಂದ್ಸಲ!" ಎನ್ನುತ್ತಾ, ಕಿಟಕಿಯ ಗಾಜು ನಡುಗುವ ಹಾಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.