ಪೂವಕ್ಕ ಹಲ್ಲು ತಿದ್ದಿದ ಗರಗಸ

ಮರದ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತು ಕತ್ತಿ ಬೀಸುವಾಗಲೂ ಚೆನ್ನಕೇಶವನಿಗೆ ಹೆದರಿಕೆ ಗೊತ್ತಿರಲಿಲ್ಲ. ಅಂಥವನಿಗೆ ಆ ಬೆಳಿಗ್ಗೆ, ಕಬಕದ ಶಾಲೆಯ ಅಂಗಳದಲ್ಲಿ ನೆಲದ ಮೇಲೆ ಬಿದ್ದಿದ್ದ ಒಂದು ಹಲಸಿನ ಮರದ ತುಂಡನ್ನು ಕೊಯ್ದು ನೋಡಿ ಎದೆ ಧಸಕ್ಕೆಂದಿತು. ಮೇಲಿನಿಂದ ನೆಟ್ಟಗೆ ಇಳಿಯಬೇಕಾಗಿದ್ದ ಗರಗಸ ಬಲಕ್ಕೆ ತಿರುಗಿ, ಕುಡುಗೋಲಿನ ಹಾಗೆ ಬಾಗಿ, ಅರ್ಧದಲ್ಲೇ ಕಚ್ಚಿಕೊಂಡು ನಿಂತಿತ್ತು. ಇಂಜಿನು ಮಾತ್ರ ಭರ್ರೆಂದು ಕಿರುಚುತ್ತಿತ್ತು. ಕೊಯ್ದ ಜಾಗದಿಂದ ಹೊಗೆ ಬರುತ್ತಿತ್ತು.

ಅದು ಸಾವಿರದ ಒಂಬೈನೂರ ಅರುವತ್ತೈದರ ಮೇ ತಿಂಗಳು. ಚೆನ್ನಕೇಶವ ಸುಳ್ಯದ ಕಡೆಯ ಗೌಡ. ಮನೆಯ ಮೇಲೆ, ರಸ್ತೆಯ ಮೇಲೆ, ಕಟ್ಟಡದ ಮೇಲೆ ಚಾಚಿದ ಕೊಂಬೆಗಳನ್ನು ಏನೂ ಹಾಳಾಗದ ಹಾಗೆ ಇಳಿಸಿ ಕೊಡುವುದು ಅವನ ಕೆಲಸ. ಪುತ್ತೂರಿನಿಂದ ಗುಂಡ್ಯದವರೆಗೆ ಅವನ ಹೆಸರು ಗೊತ್ತಿತ್ತು. ಆ ವರ್ಷ ಅವನ ಕೈಗೆ ಹೊಸದೊಂದು ಆಯುಧ ಬಂದಿತ್ತು. ನೆಲ್ಯಾಡಿಯ ರಬ್ಬರ್ ತೋಟದವರು ಕಾಡು ಕಡಿಯಲೆಂದು ತರಿಸಿದ್ದ ಮಿಷನ್ ಗರಗಸ. ಪೆಟ್ರೋಲಿನಲ್ಲಿ ಓಡುವಂಥದ್ದು. ಎತ್ತಿದರೆ ಒಂದು ಕರುವಿನಷ್ಟು ಭಾರ. ಕೆಟ್ಟು ನಿಂತು ಎರಡು ವರ್ಷ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಅದನ್ನು ತೋಟದವರೇ, "ಸರಿ ಮಾಡ್ಲಿಕ್ಕೆ ಆಗ್ತದಾದ್ರೆ ತಕೊಂಡು ಹೋಗಿ" ಎಂದು ಅವನ ತಲೆಗೆ ಕಟ್ಟಿದ್ದರು.

ಅದೇ ಹೊತ್ತಿಗೆ ಕಬಕದ ಶಾಲೆಯ ಹೆಡ್‌ಮಾಸ್ತರು ಮಹಾಗಣಪತಿ ಭಟ್ಟರು ಹೇಳಿ ಕಳಿಸಿದರು. ಶಾಲೆಯ ಪಕ್ಕದಲ್ಲೊಂದು ಕಾಟು ಮಾವಿನ ಮರ. ಅದರ ಒಂದು ಕೊಂಬೆ, ಒಬ್ಬ ಗಂಡಸಿನ ಎರಡು ತೋಳಿಗೆ ಸರೀ ತುಂಬುವಷ್ಟು ದಪ್ಪದ್ದು, ಹಂಚಿನ ಮಾಡಿನ ಮೇಲೆಯೇ ಚಾಚಿಕೊಂಡು ಒಳಗೆ ಟೊಳ್ಳಾಗಿತ್ತು. ಮರವನ್ನೇ ಕಡಿಸಿ ಎಂದು ಕೆಲವರು ಹೇಳಿದರಂತೆ. ಮಾಸ್ತರು ಒಪ್ಪಲಿಲ್ಲ.

"ಆ ಮರದ ಅಡಿಯಲ್ಲಿ ನೂರ ಇಪ್ಪತ್ತು ಮಕ್ಕಳು ಬುತ್ತಿ ಬಿಚ್ಚುದು ಚೆನ್ನಕೇಶವ. ಹಾಳಾದ ಕೈ ಮಾತ್ರ ತೆಗೀಬೇಕು, ಮೈಗೆ ಪೆಟ್ಟಾಗ್ಬಾರ್ದು. ಜೂನ್ ಒಂದಕ್ಕೆ ಶಾಲೆ ಶುರು. ಅದರ ಮೊದಲೇ ಮಳೆ ಹಿಡಿದ್ರೆ, ನೀರು ಕುಡಿದ ಕೊಂಬೆ ಯಾವಾಗ ಬೀಳ್ತದೋ ದೇವರಿಗೇ ಗೊತ್ತು."

ಚೆನ್ನಕೇಶವ ಮರ ಹತ್ತಿ ನೋಡಿದ. ಕೊಡಲಿ ಹಾಕಿದರೆ ಆ ಅದುರಿಗೇ ಟೊಳ್ಳು ಕೊಂಬೆ ಮುರಿಯುತ್ತದೆ. ಇಬ್ಬರು ಎಳೆಯುವ ಕೈಗರಗಸಕ್ಕೆ ಆಚೆ ಬದಿಯಲ್ಲಿ ನಿಲ್ಲಲು ಜಾಗವೇ ಇಲ್ಲ. ಅಲ್ಲಿಗೆ ಈ ಮಿಷನ್ ಗರಗಸವೇ ಸರಿ. ಆದರೆ ಅದು ಬಾಗಿ ಕೊಯ್ದು ನಡುವೆ ಸಿಕ್ಕಿಕೊಂಡರೆ ಕೊಂಬೆ ಸಿಗಿದು, ಬುಡದ ತೊಗಟೆಯನ್ನೂ ಕಿತ್ತುಕೊಂಡು ಮಾಡಿನ ಮೇಲೆ ಕೂರುತ್ತದೆ.

ಕಬಕದ ಕೂಡುರಸ್ತೆಯಲ್ಲಿ ಹಕೀಮನ ಅಂಗಡಿ. ಸೈಕಲ್, ಗ್ಯಾಸ್‌ಲೈಟು, ಪಂಪ್‌ಸೆಟ್ಟು, ಅಡಿಕೆಗೆ ಔಷಧಿ ಬಿಡುವ ಪಂಪು, ಯಾವುದು ಕೆಟ್ಟರೂ ಜನ ಅಲ್ಲಿಗೇ ಹೋಗುವುದು. ಗರಗಸದ ಇಂಜಿನಿಗೆ ಮರುಜೀವ ಕೊಟ್ಟವನು ಅವನೇ. ಕಾರ್ಬೊರೇಟರನ್ನು ಬಿಚ್ಚಿ ತೊಳೆದಿದ್ದ. ಹೊಗೆ ಹೋಗುವ ದಾರಿಯಲ್ಲಿ ಕಟ್ಟಿದ್ದ ಮಸಿಯನ್ನು ಲೋಹಕ್ಕೆ ಗೀರು ಬೀಳದ ಹಾಗೆ ಬಿದಿರಿನ ಚೂರಿನಿಂದ ಕೆರೆದು ತೆಗೆದಿದ್ದ. ಈಗ ಚೆನ್ನಕೇಶವ ಅಂಗಡಿಗೆ ಹೊತ್ತು ತಂದ ಹಲಸಿನ ತುಂಡಿನ ಬಾಗಿದ ಗಾಯವನ್ನು ನೋಡಿ ತಲೆಯಾಡಿಸಿದ.

"ನೋಡಿ ಗೌಡ್ರೆ, ಇಂಜಿನಿನ ಜವಾಬ್ದಾರಿ ನಂದು. ಅದು ಸರಿ ಉಂಟು. ಹಲ್ಲಿನ ವಿಷಯ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕೈ ಹಾಕಿದ್ರೆ, ನಾಳೆ ಮರದ ಮೇಲೆ ಇರುದು ನೀವು, ನಾನಲ್ಲ."

"ಹಾಗಾದ್ರೆ ಯಾರ ಹತ್ರ ಹೋಗುದು ಮಾರಾಯ?"

"ಕಡಬದಲ್ಲಿ ಕುಕ್ಕಪ್ಪ ಗೌಡ್ರು ಅಂತ ಇದ್ದಾರೆ, ಮರ ಕೊಯ್ಯುವವರು. ಅವರ ಮನೆಯಲ್ಲಿ ಅರ ಹಾಕಿಸಿ ಹಲ್ಲು ಹರಿತ ಮಾಡಿಸಿದ ಗರಗಸದಲ್ಲಿ ಸೀಳಿದ ಹಲಗೆ ಇದು." ಹಕೀಮ ಅಂಗಡಿಯ ಬಾಗಿಲನ್ನು ತಟ್ಟಿದ. "ಕೀಸುಳಿ ಹಾಕಿ ನಯ ಮಾಡ್ಲೇ ಇಲ್ಲ. ಕೈ ಇಟ್ಟು ನೋಡಿ."

ಚೆನ್ನಕೇಶವ ಕೈ ಇಟ್ಟು ನೋಡಿದ; ಹಲಗೆ ನುಣ್ಣಗಿತ್ತು. ಹಲ್ಲುಗಳಿದ್ದ ಸರಪಳಿಯನ್ನು ಗರಗಸದಿಂದ ಬಿಚ್ಚಿಸಿ ಗೋಣಿಚೀಲದಲ್ಲಿ ಸುತ್ತಿ, ತೋಟದವರು ಕೊಟ್ಟಿದ್ದ ದುಂಡಗಿನ ಉರುಟು ಅರವನ್ನೂ ಹಾಕಿಕೊಂಡು ಬಸ್ಸು ಹತ್ತಿದ.

ಕಡಬದ ಪೇಟೆ ದಾಟಿ ಅರ್ಧ ಮೈಲು ನಡೆದ ಮೇಲೆ ಕುಕ್ಕಪ್ಪನ ಮನೆ ಸಿಕ್ಕಿತು. ಮುದುಕ ಜಗಲಿಯಲ್ಲಿ ಕೂತಿದ್ದ. ಬಂದವನಿಗೆ ಬೆಲ್ಲ ನೀರು ಕೊಡಲು ಅವನು ತಟ್ಟೆ ಎತ್ತಿದಾಗ ಎರಡೂ ಕೈ ಗಡಗಡ ನಡುಗಿ ಅರ್ಧ ನೀರು ಚೆಲ್ಲಿತು. ಚೆನ್ನಕೇಶವನ ಮುಖ ಸಣ್ಣದಾಯಿತು. ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂದು ಅವನಿಗೆ ಅನ್ನಿಸಿದ್ದು ಮುದುಕನಿಗೂ ಗೊತ್ತಾಯಿತು.

"ಕೈ ನೋಡಿ ಹೆದರ್ಬೇಡಿ. ಇದು ಹೀಗಾಗಿ ಹದಿನೆಂಟು ವರ್ಷ ಆಯ್ತು. ಅರ ಹಾಕುದು ನಾನಲ್ಲ, ಇವಳು." ಕುಕ್ಕಪ್ಪ ದನದ ಹಟ್ಟಿಯ ಕಡೆ ಮುಖ ಮಾಡಿ ಕೂಗಿದ. "ಪೂವಮ್ಮಾ, ಇಲ್ಲಿ ಬಾ. ಹಲ್ಲು ನೋವು ಹಿಡ್ಕೊಂಡು ಒಬ್ರು ಬಂದಿದ್ದಾರೆ."

"ಊರೆಲ್ಲ ನಿಮ್ಮ ಹೆಸರು ಹೇಳ್ತಾರಲ್ಲ?"

"ಯಾರು ಹಾಕುದು ಅಂತ ಯಾರೂ ಕೇಳ್ಲಿಲ್ಲ. ಕೇಳಿದವರಿಗೆ ಹೇಳಿದ್ದೇನೆ." ಮುದುಕನ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ, ಹೆಮ್ಮೆಯೇ ಇತ್ತು. "ನಾನು ಚಂದ ಹಾಕ್ತಿದ್ದೆ. ಇವಳು ನನಗಿಂತ ಚಂದ ಹಾಕ್ತಾಳೆ."

ಕುಕ್ಕಪ್ಪನ ಹೆಂಡತಿ ಪೂವಮ್ಮ ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದಳು. ಐವತ್ತರ ಆಸುಪಾಸಿನ, ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಚೀಲದಿಂದ ಸರಪಳಿ ತೆಗೆದು ಮೊದಲು ಅದಕ್ಕೆ ಅಂಟಿದ್ದ ಮರದ ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ಹುಡಿ ಅಲ್ಲ, ಧೂಳು. ಹರಿತ ಇದ್ದ ಹಲ್ಲು ಮರವನ್ನು ಚಕ್ಕೆ ಚಕ್ಕೆ ತೆಗೀತದೆ. ಇದು ಮರವನ್ನು ಕೊಯ್ಯುದಲ್ಲ, ತಿಕ್ಕುದು." ಆಮೇಲೆ ಒಂದೊಂದೇ ಹಲ್ಲನ್ನು ಸೂರ್ಯನ ಬೆಳಕಿಗೆ ಹಿಡಿದಳು. "ಗರಗಸ ಬಲಕ್ಕೆ ಎಳೀತದಾ?"

ಚೆನ್ನಕೇಶವ ಬೆಚ್ಚಿದ. ಅದನ್ನು ಅವನು ಇನ್ನೂ ಹೇಳಿಯೇ ಇರಲಿಲ್ಲ.

"ಹೌದು ಪೂವಕ್ಕ. ನಿಮಗೆ ಹೇಗೆ ಗೊತ್ತಾಯ್ತು?"

"ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ, ನಮ್ಮ ಗರಗಸದ ಹಾಗೆಯೇ ಉಂಟು. ಆದ್ರೆ ಎಡದ್ದೆಲ್ಲ ಗಿಡ್ಡ. ಮೊದಲು ಅರ ಹಾಕಿದವ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಸವರಿ ಬಿಟ್ಟಿದ್ದಾನೆ. ಬಲದವರು ಉದ್ದ ಇದ್ದಾರೆ, ಅವರೇ ಎಳ್ಕೊಂಡು ಹೋಗ್ತಾರೆ."

ಅವಳು ಇಂಥ ಸರಪಳಿಯನ್ನು ಹಿಂದೆ ಕಂಡವಳಲ್ಲ. ಆದರೂ ಅವಸರಪಡಲಿಲ್ಲ. ಸುಣ್ಣದ ಡಬ್ಬಿಯಿಂದ ಒಂದು ಬೊಟ್ಟು ಸುಣ್ಣ ತೆಗೆದು, ಎಣಿಕೆ ತಪ್ಪದಿರಲೆಂದು ಒಂದು ಹಲ್ಲಿಗೆ ಹಚ್ಚಿದಳು. ಇದ್ದುದರಲ್ಲಿ ಅತಿ ಗಿಡ್ಡ ಹಲ್ಲನ್ನು ಹುಡುಕಿ, ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಅದನ್ನು ಆ ಹಲ್ಲಿನ ಉದ್ದಕ್ಕೆ ಸರಿಯಾಗಿ ಮುರಿದಳು. ಇನ್ನು ಆ ಕಡ್ಡಿಯೇ ಅಳತೆ. ಸರಪಳಿಯನ್ನು ಎರಡು ಹಲಗೆಗಳ ನಡುವೆ ಬಿಗಿದು ಉರುಟು ಅರ ಹಿಡಿದಳು. ಒಳಗಿನಿಂದ ಹೊರಗೆ, ಒಂದೇ ಓಟ. ಹಿಂದಕ್ಕೆ ಎಳೆಯುವಾಗ ಅರ ಹಲ್ಲನ್ನು ಮುಟ್ಟುತ್ತಿರಲಿಲ್ಲ. ಒಂದು ಹಲ್ಲಿಗೆ ನಾಲ್ಕು, ಇನ್ನೊಂದಕ್ಕೆ ಏಳು, ಕಡ್ಡಿ ಒಪ್ಪುವವರೆಗೆ. ಒಂದು ಬದಿಯದ್ದೆಲ್ಲ ಮುಗಿದ ಮೇಲೆ ತಾನೇ ಎದ್ದು ಆಚೆ ಬದಿಗೆ ಹೋಗಿ ಕೂತಳು.

"ಕೈ ತಿರುಗಿಸ್ಬಾರ್ದು, ಮೈ ತಿರುಗಿಸ್ಬೇಕು," ಎಂದ ಕುಕ್ಕಪ್ಪ, ಕಣ್ಣು ಮುಚ್ಚಿ ಅರದ ಸದ್ದು ಕೇಳುತ್ತ. ನಡುವೆ ಒಮ್ಮೆ, "ಅದು ಇನ್ನೂ ಕಿರುಚ್ತದೆ," ಎಂದ. ಪೂವಮ್ಮ ಹೂಂಗುಟ್ಟಿ ಅದೇ ಹಲ್ಲಿಗೆ ಇನ್ನೊಮ್ಮೆ ಅರ ಓಡಿಸಿದಳು.

ಎಲ್ಲ ಮುಗಿಯಿತೆಂದು ಚೆನ್ನಕೇಶವ ಏಳುವಾಗ ಅವಳು ತಡೆದಳು. ಪ್ರತಿ ಹಲ್ಲಿನ ಎದುರಿಗೂ ಒಂದೊಂದು ಸಣ್ಣ ಮೂಗು ಎದ್ದು ನಿಂತಿತ್ತು. ಅದನ್ನು ತೋರಿಸಿ ಹೇಳಿದಳು: "ಇದು ಯಾಕೆ ಅಂತ ಆಗದಿಂದ ಯೋಚನೆ ಮಾಡ್ತಾ ಇದ್ದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅಂತ ಹೇಳುದು ಇದು. ಈಗ ಹಲ್ಲು ತಗ್ಗಿತು, ಮೂಗು ಹಾಗೇ ಉಂಟು. ಹೀಗೇ ಬಿಟ್ರೆ ಹಲ್ಲು ಮರಕ್ಕೆ ಮುಟ್ಟುದೇ ಇಲ್ಲ." ಚಪ್ಪಟೆ ಅರ ತಂದು ಮೂಗುಗಳನ್ನೂ ಕೂದಲೆಳೆಯಷ್ಟು ತಗ್ಗಿಸಿದಳು.

ಹದಿನೈದು ವರ್ಷ ಮರದ ಕೆಲಸ ಮಾಡಿದವನು ಚೆನ್ನಕೇಶವ. ಹಗ್ಗದ ಗಂಟು ಹಾಕುವುದರಲ್ಲಿ ತನ್ನ ಸಮಾನ ಇಲ್ಲ ಎಂದು ತಿಳಿದವನು. ಕಂಡೇ ಇರದ ವಸ್ತುವೊಂದನ್ನು ಬರೇ ನೋಡಿ, ಅದು ಹೇಗೆ ಯೋಚಿಸುತ್ತದೆ ಎಂದು ಹೇಳಿದ ಈ ಹೆಂಗಸಿನ ಎದುರು ಅವನಿಗೆ ತಾನು ಕಲಿತದ್ದು ಕಡಿಮೆ ಅನ್ನಿಸಿತು. ಅದರಿಂದ ಬೇಸರವಾಗಲಿಲ್ಲ. ಒಳ್ಳೆಯ ಹಾಡು ಕೇಳಿದ ಹಾಗೆ ಖುಷಿಯೇ ಆಯಿತು.

ಸರಪಳಿ ಕಟ್ಟಿಕೊಡುವಾಗ ಪೂವಮ್ಮ ಕೇಳಿದಳು, "ಇದು ಓಡುವ ಕಬ್ಬಿಣದ ಪಟ್ಟಿ ತರ್ಲಿಲ್ವಾ?"

"ಪಟ್ಟಿ ಸರಿ ಉಂಟು ಅಂತ ಹಕೀಮ್ ಹೇಳಿದ ಪೂವಕ್ಕ."

ಅವಳು ಗಂಡನ ಮುಖ ನೋಡಿದಳು. ಕುಕ್ಕಪ್ಪ ನಕ್ಕ. "ಹೋಗಿ ಬಾ. ಅದನ್ನು ನೋಡದೆ ನಿಂಗೆ ಅನ್ನ ಸೇರ್ಲಿಕ್ಕಿಲ್ಲ."

ಹಾಗೆ ಪೂವಮ್ಮ ಮರುದಿನ ಮೊದಲ ಬಸ್ಸಿಗೆ ತಾನೇ ಕಬಕಕ್ಕೆ ಬಂದಳು, ಸೆರಗಿನ ಗಂಟಿನಲ್ಲಿ ಹಿಡಿಸೂಡಿ ಕಡ್ಡಿ ಸಮೇತ. ಶಾಲೆಯ ಅಂಗಳದಲ್ಲಿ ಹಕೀಮ ಸರಪಳಿ ಜೋಡಿಸಿ ಇಂಜಿನು ಎಳೆದ. ಗರಗಸ ಇನ್ನೊಂದು ಹಲಸಿನ ತುಂಡಿಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಹಳದಿ ಚಕ್ಕೆಗಳು ಹಾರಿ ಬಿದ್ದವು. ಚೆನ್ನಕೇಶವ ನಗಬೇಕೆನ್ನುವಷ್ಟರಲ್ಲಿ, ಮುಕ್ಕಾಲು ಭಾಗ ದಾಟಿದ ಮೇಲೆ, ಅದು ಮತ್ತೆ ತುಸು ಬಲಕ್ಕೆ ಸರಿಯಿತು. ನಿನ್ನೆಯಷ್ಟಲ್ಲ, ಆದರೆ ಸರಿದದ್ದು ಹೌದು.

"ಮಾಸ್ತ್ರೆ, ಒಂದು ಸ್ಲೇಟು ಉಂಟಾ?" ಎಂದಳು ಪೂವಮ್ಮ.

ಮಹಾಗಣಪತಿ ಮಾಸ್ತರು ಒಳಗಿನಿಂದ ಸ್ಲೇಟು ತಂದುಕೊಟ್ಟರು. ಸರಪಳಿ ತೆಗೆದ ಪಟ್ಟಿಯ ಅಂಚಿನಲ್ಲಿ ಉದ್ದಕ್ಕೂ ಒಂದು ತೋಡು, ತೋಡಿನ ಎರಡು ಬದಿಗೆ ಎರಡು ದಡ. ಅವಳು ಪಟ್ಟಿಯನ್ನು ಆ ಅಂಚು ಕೆಳಗಾಗುವ ಹಾಗೆ ಸಮತಟ್ಟಾದ ಸ್ಲೇಟಿನ ಮೇಲೆ ನಿಲ್ಲಿಸಿ ಕೈ ಬಿಟ್ಟಳು. ಅದು ನೆಟ್ಟಗೆ ನಿಲ್ಲಲಿಲ್ಲ, ಬಲಕ್ಕೆ ವಾಲಿತು. ಮತ್ತೆ ನಿಲ್ಲಿಸಿದಳು. ಮತ್ತೆ ಬಲಕ್ಕೇ.

ಹಕೀಮ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಒಂದು ದಡ ಸವೆದು ಹೋಗಿದೆ! ಚೈನು ಮಲಗಿಕೊಂಡೇ ಓಡ್ತಾ ಉಂಟು. ಇದು ನನ್ನ ಕೆಲಸ ಪೂವಕ್ಕ, ನಾನು ನೋಡ್ಬೇಕಿತ್ತು. ಕಣ್ಣಲ್ಲಿ ನೋಡಿ ಸರಿ ಅಂತ ಹೇಳಿಬಿಟ್ಟೆ."

"ಕಣ್ಣಿಗೆ ಕಾಣುದಿಲ್ಲ ಅದು. ನೀನು ಇಂಜಿನು ಓಡಿಸ್ಲಿಲ್ಲ ಅಂತಾದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ," ಎಂದಳು ಅವಳು.

ಹಕೀಮ ಅಂಗಡಿಗೆ ಓಡಿದ. ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿಸಿ, ಎತ್ತರದ ದಡವನ್ನು ಚಪ್ಪಟೆ ಅರದಿಂದ ತಗ್ಗಿಸುತ್ತ, ಪದೇ ಪದೇ ಸ್ಲೇಟಿನ ಮೇಲೆ ನಿಲ್ಲಿಸಿ ನೋಡುತ್ತ ಮಧ್ಯಾಹ್ನದವರೆಗೆ ಉಜ್ಜಿದ. ಎಣ್ಣೆ ಬರುವ ತೂತಿನಲ್ಲಿ ಕಟ್ಟಿದ್ದ ಕಸವನ್ನೂ ತೆಗೆದ. ಕೊನೆಗೆ ಪಟ್ಟಿ ತಾನಾಗಿಯೇ ನಿಂತಿತು. ಹಲಸಿನ ತುಂಡಿಗೆ ಗರಗಸ ಇಟ್ಟರೆ, ದಾರ ಹಿಡಿದು ಗೆರೆ ಎಳೆದಂತೆ ನೇರ ಇಳಿಯಿತು.

ಪೂವಮ್ಮ ಆ ರಾತ್ರಿ ಮಾಸ್ತರ ಮನೆಯಲ್ಲಿ ಉಳಿದಳು. ಮರುದಿನ ಬೆಳಿಗ್ಗೆಯೇ ಪಡುವಣ ಮೋಡ ಕಟ್ಟಿತ್ತು. ಬಿದಿರಿನ ಅಟ್ಟಣಿಗೆಯ ಮೇಲೆ ಚೆನ್ನಕೇಶವ, ಮೇಲಿನ ಕೊಂಬೆಗೆ ಕಪ್ಪಿ, ಕಪ್ಪಿಯ ಹಗ್ಗ ಹಿಡಿದು ಕೆಳಗೆ ಆರು ಮಂದಿ. ಕೊಂಬೆಯ ತುದಿಯಿಂದ ಶುರುಮಾಡಿ ತುಂಡು ತುಂಡಾಗಿ ಇಳಿಸುತ್ತ ಬಂದ. ಉಳಿದದ್ದು ಬುಡದ ದಪ್ಪ ತುಂಡು. ತೊಗಟೆ ಸಿಗಿಯದಿರಲೆಂದು ಮೊದಲು ಅಡಿಯಿಂದ ಒಂದು ಕೊಯ್ತ ಕೊಟ್ಟ. ಆಮೇಲೆ ಮೇಲಿನಿಂದ ಇಳಿಸಿದ. ಎರಡು ಕೊಯ್ತಗಳು ನಡುವೆ ಸೇರಬೇಕು, ಕೂದಲೆಳೆ ತಪ್ಪಿದರೂ ಕೊಂಬೆ ಸಿಗಿಯುತ್ತದೆ. ಕೈಯಲ್ಲಿದ್ದ ಗರಗಸ ಯಾವ ಕಡೆಗೂ ಎಳೆಯಲಿಲ್ಲ, ಹೇಳಿದಲ್ಲಿಗೆ ಹೋಯಿತು. ಟಕ್ ಎಂದು ಸಣ್ಣ ಸದ್ದು. ಕೊಂಬೆ ಕಳಚಿ, ಹಗ್ಗಕ್ಕೆ ತೂಗಿ, ತೊಟ್ಟಿಲಿನ ಹಾಗೆ ಒಮ್ಮೆ ಆಡಿ, ಮಾಡಿನಿಂದ ಒಂದು ಗೇಣು ದೂರದಲ್ಲಿ ಹಾದು ಅಂಗಳಕ್ಕೆ ಇಳಿಯಿತು. ಒಂದು ಹಂಚೂ ಅಲುಗಲಿಲ್ಲ.

ಇಂಜಿನು ನಿಲ್ಲಿಸಿದ ಮೇಲೆ ಚೆನ್ನಕೇಶವ ಕೊಯ್ದ ಮುಖದ ಮೇಲೆ ಅಂಗೈ ಇಟ್ಟ. ಎರಡು ಕೊಯ್ತ ಸೇರಿದ ಜಾಗ ಬೆರಳಿಗೆ ಸಿಗಲಿಲ್ಲ. ಕೆಳಗೆ ಮಾಸ್ತರು, "ಶಾಭಾಸ್ ಚೆನ್ನಕೇಶವ!" ಎಂದು ಕೂಗುತ್ತಿದ್ದರು.

"ನನಗಲ್ಲ ಮಾಸ್ತ್ರೆ," ಎಂದು ಅವನು ಮೇಲಿನಿಂದಲೇ ಕೂಗಿ ಹೇಳಿದ. "ಪೂವಕ್ಕನಿಗೆ ಹೇಳಿ. ಹಕೀಮನಿಗೆ ಹೇಳಿ. ನಾನು ಹಿಡ್ಕೊಂಡದ್ದು ಮಾತ್ರ."

ಅಂಗಳದಲ್ಲಿ ಸೇರಿದ್ದ ಜನ ತಿರುಗಿ ನೋಡಿದರು. ಪೂವಮ್ಮ ಕುಕ್ಕರುಗಾಲಲ್ಲಿ ಕೂತು ಬಿದ್ದ ಚಕ್ಕೆಗಳನ್ನು ಬೆರಳಲ್ಲಿ ಹೊರಳಿಸುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುವುದನ್ನು ಕಂಡು ಎದ್ದು ನಿಂತು, ಮರದ ಗಾಯಕ್ಕೆ ಡಾಂಬರು ಹಚ್ಚಲು ಮರೆಯಬೇಡಿ ಎಂದಳು, ಅಷ್ಟೆ.

ಬಸ್ಸಿಗೆ ಬಿಡಲು ಹೋದಾಗ ಚೆನ್ನಕೇಶವ, ಇನ್ನು ಮುಂದೆ ಸರಪಳಿಯನ್ನು ಅವಳಲ್ಲಿಗೇ ತರುತ್ತೇನೆ ಎಂದ. ಪೂವಮ್ಮ ಬೇಡವೆಂದು ತಲೆಯಾಡಿಸಿದಳು.

"ಮರದ ಮೇಲೆ ಹಲ್ಲು ಮೊಂಡಾದ್ರೆ ಕಡಬಕ್ಕೆ ಓಡಿ ಬರ್ತೀರಾ? ಮಳೆಗಾಲ ನಿಮಗೆ ಕೆಲಸ ಕಡಿಮೆ ಅಲ್ವಾ. ಬಂದು ಕೂತ್ಕೊಳ್ಳಿ, ಕಲೀರಿ."

ನಲವತ್ತರ ಹತ್ತಿರದ ಗಂಡಸು, ಜಡಿಮಳೆಯ ಆ ಆಟಿ ತಿಂಗಳಿಡೀ ವಾರಕ್ಕೆರಡು ದಿನ ಅವಳ ಜಗಲಿಯಲ್ಲಿ ಅರ ಹಿಡಿದು ಕೂತ. ಮೊದಲ ದಿನ ಅವಳು ಅವನಿಗೆ ತುಕ್ಕು ಹಿಡಿದ ಹಳೆಯ ಕೈಗರಗಸ ಒಂದನ್ನು ಕೊಟ್ಟಳು. ಅವನು ಸಂಜೆಯವರೆಗೆ ಅರ ಹಾಕಿ ತಂದುಕೊಟ್ಟದ್ದನ್ನು ಬೆರಳಾಡಿಸಿ ನೋಡಿ, ಇನ್ನೊಮ್ಮೆ ಹಾಕಲೆಂದು ವಾಪಸು ಕೊಟ್ಟಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ವಾರ ಕುಕ್ಕಪ್ಪ, "ಕೈ ತಿರುಗ್ತಾ ಉಂಟು, ಮೈ ತಿರುಗ್ಬೇಕು" ಎಂದು ಬೈದ. ಆಟಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಪೂವಮ್ಮ ಗರಗಸವನ್ನು ಬೆಳಕಿಗೆ ಹಿಡಿದು ತುದಿಯಿಂದ ತುದಿಗೆ ನೋಡಿದಳು, ಕಡ್ಡಿ ಇಟ್ಟು ನೋಡಿದಳು, ಗಂಡನ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಒಮ್ಮೆ ಮೀಟಿದಳು. ಮುದುಕ ಕೇಳಿ ತಲೆದೂಗಿದ.

ಅವಳು ಆ ಗರಗಸವನ್ನು ಒಳಗೆ ಒಯ್ದು ಗೋಡೆಯಲ್ಲಿ ತಾನು ಅರ ಹಾಕಿದ ಗರಗಸಗಳ ಸಾಲಿನಲ್ಲೇ ತೂಗುಹಾಕಿದಳು. ಚೆನ್ನಕೇಶವ ಅದನ್ನು ನೋಡುತ್ತ ಜಗಲಿಯಲ್ಲಿ ನಿಂತ. ಹೊರಗೆ ಮಳೆ ಹೊಯ್ಯುತ್ತಿತ್ತು. ಅವನಿಗೆ ಬಸ್ಸು ಹಿಡಿಯುವ ಅವಸರ ಇರಲಿಲ್ಲ.