ಅನಂತಗಿರಿಯ ಎರಡು ಕಾಟೇಜು

ಆಂಧ್ರದಲ್ಲಿ ನೌಕರಿ ಮಾಡುವ ಕನ್ನಡದವರಿಗೆ ಒಂದು ಕೆಟ್ಟ ಚಾಳಿ ಇದೆ. ಅಂಗಡಿಯಲ್ಲಾಗಲಿ ಬಸ್ಸಿನಲ್ಲಾಗಲಿ, ಎದುರಿಗೆ ನಿಂತವರ ಬಗ್ಗೆ ಬಾಯಿಗೆ ಬಂದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿಯೇ ಹೇಳಿಬಿಡುತ್ತಾರೆ. ಕೇಳಿದವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ. ನಮ್ಮಮ್ಮನೇ ತರಕಾರಿ ಗಂಗಾಭವಾನಿಯ ಮುಂದೆ ನಿಂತು "ಬದನೇಕಾಯಿನೂ ಇವಳ ಹಾಗೇ ಬಾಡಿದೆ" ಎಂದು, ಅದೇ ಉಸಿರಿನಲ್ಲಿ ತೆಲುಗಿನಲ್ಲಿ ರೇಟು ಕೇಳುತ್ತಾಳೆ. ಗಂಗಾಭವಾನಿ ತೂಕದಲ್ಲಿ ಹೊಡೆಯುತ್ತಾಳೆ. ವರ್ಷಗಟ್ಟಲೆ ನಮ್ಮ ಮಾತು ಕೇಳಿದವಳಿಗೆ ಅಷ್ಟೂ ತಿಳಿಯದೆ ಇರುತ್ತದೆಯೇ?

ನಾನು ಶುಭಾ. ಅಪ್ಪ ಚಂದ್ರಹಾಸ, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಊರು ಹಾಸನ, ಆದರೆ ನಾನು ಬೆಳೆದದ್ದು, ಓದಿದ್ದು ಎಲ್ಲ ಇಲ್ಲಿನ ಟೌನ್‌ಶಿಪ್ಪಿನಲ್ಲೇ. ಈಗ ದ್ವಾರಕಾನಗರದ ಒಂದು ಟ್ರಾವೆಲ್ಸ್ ಆಫೀಸಿನ ಕೌಂಟರಿನಲ್ಲಿ ಕೂರುತ್ತೇನೆ. ಅಮ್ಮ ಮಾತ್ರ ಎಲ್ಲರಿಗೂ "ಟೈಪಿಂಗ್ ಕಲೀತಿದಾಳೆ" ಎನ್ನುತ್ತಾಳೆ. ಇಂಜಿನಿಯರ ಮಗಳು ಟಿಕೆಟ್ ಹರಿಯುತ್ತಾಳೆ ಎಂದರೆ ಗಂಡು ಸಿಗುವುದಿಲ್ಲವಂತೆ. ಹರಿಯುವುದಕ್ಕೆ ಮುಂಚೆ ಸಾಲುಗಟ್ಟಿ ನಿಂತಿದ್ದರೇನೋ! ಮೂರು ಸಲ ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಮೂರು ಕಡೆಯವರೂ "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಉಪ್ಪಿಟ್ಟು ತಿಂದು ಹೋದರು. ಇನ್ನು ಯಾರ ಮುಂದೆಯೂ ತಟ್ಟೆ ಹಿಡಿಯುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ.

ಆಮೇಲೆ ಗುರುಪ್ರಸಾದ ಸಿಕ್ಕಿದ. ತೊಂಬತ್ತೈದರ ನವೆಂಬರಿನಲ್ಲಿ ವಿಜಯವಾಡದ ಕನ್ನಡದವರು ರಾಜ್ಯೋತ್ಸವ ಮಾಡಿದಾಗ ಅಪ್ಪನ ಜೊತೆ ಹೋಗಿದ್ದೆ. ಊಟದ ಸಾಲಿನಲ್ಲಿ ಅವನು ನನ್ನ ಹಿಂದೆ ನಿಂತಿದ್ದ. ಬ್ಯಾಂಕಿನಲ್ಲಿ ಕೆಲಸ, ಅವನ ಅಪ್ಪ ಅಶ್ವತ್ಥ ಕೂಡ ಅಲ್ಲೇ ಬೇರೊಂದು ಬ್ಯಾಂಕಿನ ಮ್ಯಾನೇಜರು. ತಾಯಿಗೆ ಮಂಡಿನೋವೆಂದು ತಂದೆ ತಾಯಿ ಇಬ್ಬರೂ ಬಂದಿರಲಿಲ್ಲ. ನಾನು ನಮ್ಮೂರಿನಿಂದ ಅರಕು ಬೆಟ್ಟದ ಕಡೆ ಹೋಗುವ ರೈಲಿನ ಸುರಂಗಗಳ ಬಗ್ಗೆ, ಅನಂತಗಿರಿಯ ಕಾಫಿ ತೋಟದ ನಡುವಿನ ಮರದ ಕಾಟೇಜುಗಳ ಬಗ್ಗೆ ವಟವಟ ಎನ್ನುತ್ತಿದ್ದೆ. ನನ್ನ ತೆಲುಗು ಬೆರೆತ ಕನ್ನಡಕ್ಕೆ ಅವನು ನಗಲಿಲ್ಲ. "ನಾನು ಬೆಟ್ಟ ಅಂತ ನೋಡಿರೋದು ಕನಕದುರ್ಗಮ್ಮನ ಗುಡ್ಡ ಒಂದೇ. ನೀವೇ ಕರ್ಕೊಂಡು ಹೋಗಿ" ಎಂದ. ನನಗೆ ಅವನು ಹಿಡಿಸಿದ. ಮನೆಗೆ ಬಂದು ಅಮ್ಮನಿಗೆ ಬಾಯಿಬಿಟ್ಟು ಹೇಳಿದೆ, ಹಿಡಿಸಿದ ಎಂದು.

ಅಮ್ಮ ಅವತ್ತೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಫೋನಿನಲ್ಲಿ ಮಾತಾಡಿದರು. ಹೆಣ್ಣು ನೋಡುವ ಶಾಸ್ತ್ರ ಬೇಡ, ಫೋಟೋ ಬೇಡ. ಎರಡು ಮನೆಯವರೂ ಸಂಕ್ರಾಂತಿಗೆ ಮುಂಚೆ ಅನಂತಗಿರಿಗೆ ಹೋಗಿ ಎರಡು ದಿನ ಇದ್ದು ಬರುವುದು, ಮಕ್ಕಳು ಮಾತಾಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಕಾಟೇಜು ಕೊಡುವುದು ನಮ್ಮ ಆಫೀಸಿನ ಮೂಲಕವೇ. ಕಣಿವೆ ಕಡೆ ಜಗಲಿ ಇರುವ ಎರಡನ್ನು ಅಪ್ಪನ ಹೆಸರಿಗೆ ಹಿಡಿದೆ. ಅಪ್ಪ ಅವರಿಗೆ ಆಫೀಸಿನ ಹೆಸರು ಹೇಳಿದರೇ ಹೊರತು, ಅಲ್ಲಿ ಕೂರುವವಳು ನಾನೆಂದು ಹೇಳಲು ಅಮ್ಮ ಬಿಡಲಿಲ್ಲ. ಕಾವಲುಗಾರನಿಗೆ ಹೇಳಿ ಸೌದೆ ಒಟ್ಟಿಸಿದೆ, ಹೆಚ್ಚಿಗೆ ಕಂಬಳಿ ತರಿಸಿದೆ. ಅಲ್ಲಿ ಹೋಟೆಲಿಲ್ಲ, ಅಡುಗೆಯೆಲ್ಲ ತನ್ನದೇ ಎಂದಳು ಅಮ್ಮ. ಬೆಂಕಿಯ ಸುತ್ತ ಎಲ್ಲರೂ ಕೂತಾಗ ನಾನು ಎಲ್ಲಿ ಕೂರುವುದು, ಅವನು ಎಲ್ಲಿ ಕೂರುವುದು ಎಂಬುದನ್ನೂ ಯೋಚಿಸಿಟ್ಟಿದ್ದೆ. ನಾಚಿಕೆ ಬಿಟ್ಟೇ ಹೇಳುತ್ತಿದ್ದೇನೆ.

ಹೊರಡುವುದಕ್ಕೆ ಒಂದು ವಾರ ಇತ್ತು. ಮಧ್ಯಾಹ್ನ ಮೂವರು ಕೌಂಟರಿಗೆ ಬಂದರು. ಮದುವೆಗೆ ಬಂದವರ ಹಾಗೆ ಜರಿ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಹಿರಿಯ ಗಂಡಸು ತೆಲುಗಿನಲ್ಲಿ, ಚಂದ್ರಹಾಸ ಅನ್ನುವವರ ಹೆಸರಿನಲ್ಲಿ ಎರಡು ಕಾಟೇಜು ಇದೆಯಲ್ಲ, ಹೇಗಿದೆ ಹೇಳಮ್ಮ, ಎಂದರು. ನಾನು ತಲೆಯೆತ್ತಿದೆ. ಅವರ ಹಿಂದೆ ಗುರುಪ್ರಸಾದ ನಿಂತಿದ್ದ.

ಅವನು ನನ್ನನ್ನು ನೋಡಿದ. ಗುರುತು ಸಿಕ್ಕಿತು, ಮುಖ ಬಿಳಿಚಿಕೊಂಡಿತು. ಅವನೇ ಪರಿಚಯ ಮಾಡಿಸುತ್ತಾನೆ ಎಂದು ನಾನು ಪೆದ್ದಿಯ ಹಾಗೆ ನಗಲು ಹೊರಟಿದ್ದೆ. ಅಷ್ಟರಲ್ಲಿ ಅವನ ತಾಯಿ ಕಮಲಾ ಕೌಂಟರಿಗೆ ಒರಗಿಕೊಂಡು ಕನ್ನಡದಲ್ಲಿ ಶುರುಮಾಡಿದರು.

"ಮೊದ್ಲು ಕಮೋಡ್ ಇದ್ಯಾ ಕೇಳಿ. ನನ್ನ ಮಂಡಿಗೆ ಆಗಲ್ಲ. ಮದುವೆಗೆ ಬಂದಿದ್ವಿ ಅಂತ ಅವರ ಮನೆಗೆ ಮಾತ್ರ ಫೋನ್ ಮಾಡ್ಬೇಡಿ, ಊಟಕ್ಕೆ ಎಳೀತಾರೆ."

"ಒಂದು ಸಲ ತಲೆ ಹಾಕಿದ್ರೆ ಏನಾಗುತ್ತೆ?" ಎಂದರು ಅಶ್ವತ್ಥ.

"ಮನೆಗೇ ಹೋದ್ರೆ ಹೆಣ್ಣು ನೋಡೋ ಶಾಸ್ತ್ರ ಆದ ಹಾಗಾಗುತ್ತೆ, ಅಷ್ಟೇ. ಮೂರು ಕಡೆ ಬಿಟ್ಟ ಹುಡುಗಿ ರೀ ಅದು. ಸಂಕ್ರಾಂತಿ ಕಳೀತಿದ್ದ ಹಾಗೆ ಜಯನಗರದವರ ಹತ್ರ ನಿಶ್ಚಯ ಇಟ್ಕೊಂಡು ಇದೆಲ್ಲ ಯಾಕೆ?"

"ಮತ್ತೆ ಹೋಗೋದೇ ಬೇಡ ಅಂತೀಯಾ?"

"ಯಾಕ್ ಬೇಡ? ಊಟ ತಿಂಡಿ ಎಲ್ಲ ಅವರೇ ಹೊತ್ಕೊಂಡು ಬರ್ತಾರೆ. ಹಾಯಾಗಿ ಎರಡು ದಿನ ಇದ್ದು ಬರೋಣ. ಆಮೇಲೆ ಜಾತಕ ಕೂಡಿ ಬರಲಿಲ್ಲ ಅಂದ್ರಾಯ್ತು."

ನನ್ನ ಮೈ ಉರಿದುಹೋಯಿತು. ಆದರೂ ಅವರ ಮಾತಿಗಿಂತ ನಾನು ಕಾಯುತ್ತಿದ್ದದ್ದು ಅವನ ಮಾತಿಗೆ. ಅಮ್ಮಾ, ಸುಮ್ನಿರು, ಇವರಿಗೆ ಕನ್ನಡ ಬರುತ್ತೆ ಎಂದಿದ್ದರೆ ಸಾಕಿತ್ತು. ಇವಳೇ ಶುಭಾ ಎನ್ನುವುದೂ ಬೇಡವಾಗಿತ್ತು. ಗಂಟಲು ಸರಿಮಾಡಿಕೊಂಡ. ಹೇಳುತ್ತಾನೆ ಎಂದುಕೊಂಡೆ.

"ಗೀಸರ್ ಉಂದಾ ಅಂಡಿ?" ಎಂದ.

ಕನ್ನಡದ ಹುಡುಗ ಕನ್ನಡದ ಹುಡುಗಿಯನ್ನು, ಗೊತ್ತಿದ್ದೂ, ಗೀಸರ್ ಇದೆಯಾ ಎಂದು ತೆಲುಗಿನಲ್ಲಿ ಕೇಳಿದ. ನನ್ನ ನಾಲಿಗೆ ಉದ್ದ ಎಂದು ಇಡೀ ಟೌನ್‌ಶಿಪ್ಪಿಗೆ ಗೊತ್ತು. ಅವತ್ತು ಅದು ಎಲ್ಲಿ ಸತ್ತಿತ್ತೋ! "ಉಂದಂಡಿ" ಎಂದೆ. ಕಮೋಡೂ ಇದೆ ಎಂದೆ. ಅವರು ಹೋದರು, ಅವನು ತಿರುಗಿಯೂ ನೋಡಲಿಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಬೆಟ್ಟಕ್ಕೆಂದು ಚಕ್ಕುಲಿ ಕರಿಯುತ್ತಿದ್ದಳು. ಒಂದಕ್ಷರ ಬಿಡದೆ ಎಲ್ಲ ಹೇಳಿದೆ. ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ಈಗ ಬೈಯುತ್ತಾಳೆ, ಅವರ ವಂಶವನ್ನೇ ಜಾಲಾಡುತ್ತಾಳೆ ಎಂದು ಕಾದೆ. ಅಮ್ಮನ ಬೈಗುಳ ಕೇಳಿ ಅತ್ತುಬಿಡಬೇಕು ಎಂದಿತ್ತು ನನಗೆ.

"ಹುಡುಗ ಏನಂದ?" ಎಂದಳು.

"ಏನೂ ಅನ್ನಲಿಲ್ಲ. ಗೀಸರ್ ಇದ್ಯಾ ಅಂದ."

"ನೀನು ಬೇಡ ಅಂತ ಅವನ ಬಾಯಲ್ಲಿ ಬರಲಿಲ್ಲ ತಾನೆ?" ಅಮ್ಮ ಚಕ್ಕುಲಿ ತಿರುವಿಹಾಕಿದಳು. "ನಿಶ್ಚಯ ಇನ್ನೂ ಆಗಿಲ್ಲ. ಎರಡು ದಿನ ಜೊತೆಗಿದ್ರೆ ಮನಸ್ಸು ತಿರುಗಿದ್ರೂ ತಿರುಗಬಹುದು ಕಣೆ. ನಾವೇನೂ ಕೇಳಿಸ್ಕೊಂಡೇ ಇಲ್ಲ ಅನ್ನೋ ಹಾಗೆ ಹೋಗಿ ಬರೋಣ."

ಅಪ್ಪ ಪೇಪರಿನ ಹಿಂದಿನಿಂದ ಮುಖ ತೆಗೆಯಲೇ ಇಲ್ಲ. ಆ ಹೊತ್ತಿನಲ್ಲಿ ಕಮಲಮ್ಮನ ಮೇಲಿದ್ದ ಸಿಟ್ಟಿಗಿಂತ ಇವರಿಬ್ಬರ ಮೇಲೆ ಬಂದ ಸಿಟ್ಟು ದೊಡ್ಡದು. ತಟ್ಟೆ ಹಿಡಿಯುವುದೇ ಇಲ್ಲ ಎಂದವಳ ಕೈಗೆ ಇವರು ಇಡೀ ಅಡುಗೆಮನೆಯನ್ನೇ ಹೊರಿಸಿ ಬೆಟ್ಟ ಹತ್ತಿಸಲು ಹೊರಟಿದ್ದರು. ಊಟ ಮಾಡದೆ ಮಲಗಿದೆ.

ಮರುದಿನ ಆಫೀಸಿಗೆ ಅವನ ಫೋನು ಬಂತು. ಈಗ ಕನ್ನಡ ನೆನಪಾಗಿತ್ತು.

"ಶುಭಾ, ನಿನ್ನೆ ನಾನು ಹೇಳಿಬಿಟ್ಟಿದ್ರೆ ಅಮ್ಮನಿಗೆ ಎಷ್ಟು ಅವಮಾನ ಆಗ್ತಿತ್ತು, ನೀವೇ ಯೋಚನೆ ಮಾಡಿ."

"ನನಗೆ ಆಗಿದ್ದು?"

"ನೀವು ಅರ್ಥ ಮಾಡ್ಕೋತೀರ ಅಂತ ಗೊತ್ತಿತ್ತು. ನನಗೂ ನಿಮ್ಮನ್ನ ನೋಡ್ಬೇಕು ಅಂತಿದೆ. ಬೆಟ್ಟಕ್ಕೆ ಬರ್ತೀರಲ್ಲ? ಅಪ್ಪ ರಜೆ ಹಾಕಿಬಿಟ್ಟಿದಾರೆ."

"ನಿಮ್ಮ ಕಾಟೇಜು ನಿಮಗಿರುತ್ತೆ" ಎಂದೆ. "ಬರುವಾಗ ಅಕ್ಕಿ ಬೇಳೆ ತನ್ನಿ, ಅಲ್ಲಿ ಏನೂ ಸಿಗಲ್ಲ."

ಫೋನಿಟ್ಟು ನಮ್ಮ ಕಾಟೇಜು ರದ್ದು ಮಾಡಿದೆ. ಸಂಜೆ ಅಮ್ಮನಿಗೆ ಫೋನಿನ ಮಾತನ್ನೂ ಇದನ್ನೂ ಹೇಳಿದಾಗ ಅವಳು ಕೂಗಾಡಲಿಲ್ಲ. ನೆಲದ ಮೇಲೆ ಕುಸಿದು ಕೂತು ಅತ್ತಳು.

"ಪಾಪಿ, ಅವನೇ ಫೋನ್ ಮಾಡಿ ನೋಡ್ಬೇಕು ಅಂದನಲ್ಲೇ. ಅದು ಇಷ್ಟ ಅಲ್ದೆ ಇನ್ನೇನು?"

ನನಗೂ ಹಾಗೇ ಅನ್ನಿಸಿತ್ತು. ಅವನು ಹಾಗೆ ಅಂದ ಕೂಡಲೇ, ಅಷ್ಟೆಲ್ಲ ಕೇಳಿದ ಮೇಲೂ, ಯಾವ ಸೀರೆ ತೆಗೆದುಕೊಂಡು ಹೋಗಲಿ ಎಂದು ನನ್ನ ಮನಸ್ಸು ಹುಡುಕಲು ಶುರುಮಾಡಿತ್ತು. ಅದಕ್ಕೇ ರದ್ದು ಮಾಡಿದೆ.