ಏಡತ್ತಿ ಸಿನಿಮಾ

ಪುತ್ತನ್‌ಕಡವಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಅದನ್ನು ಸುಳ್ಳು ಅನ್ನುವುದಿಲ್ಲ, ‘ಏಡತ್ತಿ ಸಿನಿಮಾ’ ಅನ್ನುತ್ತಾರೆ. ಮೀನು ಈಗಷ್ಟೇ ದೋಣಿಯಿಂದ ಇಳಿದದ್ದು ಎಂದು ಮಾರುವವನು ಆಣೆ ಹಾಕಿದರೆ, ಕಿವಿರು ಬಿಡಿಸಿ ನೋಡಿದವಳು “ಹೋಗೋ, ಏಡತ್ತಿ ಸಿನಿಮಾ!” ಅನ್ನುತ್ತಾಳೆ. ನಾಳೆ ಮಳೆ ಎಂದು ರೇಡಿಯೊ ಹೇಳಿ, ಮರುದಿನ ಬಿಸಿಲು ಸುಟ್ಟರೆ ಅದೂ ಏಡತ್ತಿ ಸಿನಿಮಾ. ಪವಿತ್ರನ್ ಕೂಡ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ದಿನಗಳಿಂದ ಆ ಮಾತು ಆಡಿದವನೇ. ಆ ಏಡತ್ತಿ, ಅಂದರೆ ಅಕ್ಕ, ತನ್ನ ಮನೆ ಬಾಗಿಲಿಗೇ ದಿನಾ ಮೀನು ತರುವ ಚಿರುತೇಯಿ ಎಂದು ಗೊತ್ತಾದಾಗ ಅವನಿಗೆ ಹತ್ತು ವರ್ಷ. ಗೊತ್ತಾದ ಮೇಲೂ ಬಿಡಲಿಲ್ಲ. ಬಾಯಿಗೆ ಹತ್ತಿದ ಮಾತು ಸುಲಭಕ್ಕೆ ಬಿಡುವುದಿಲ್ಲ.

ನಡೆದದ್ದು ಇಷ್ಟು. ಮೂವತ್ತೇಳು ವರ್ಷದ ಹಿಂದೆ ಮದ್ರಾಸಿನ ಸಿನಿಮಾದವರು ಈ ಕಡಲತಡಿಗೆ ಬಂದು ಒಂಬತ್ತು ದಿನ ಬಿಡಾರ ಹೂಡಿದ್ದರು. ಆಗ ಇನ್ನೂ ಹರೆಯದಲ್ಲಿದ್ದ ಚಿರುತೇಯಿಯನ್ನು ಕರೆದು, ತಲೆಯ ಮೇಲೆ ಬುಟ್ಟಿ ಹೊತ್ತು ಓಡಿ “ದೋಣಿ ಬಂತೋ!” ಎಂದು ಕೂಗು ಎಂದಿದ್ದರು. ಅವಳು ಓಡಿದಳು, ಕೂಗಿದಳು. ಅವಳ ದನಿ ಚೆನ್ನಾಗಿದೆ ಎಂದು ಅಲ್ಲೇ ಮರಳಿನ ಮೇಲೆ ಯಂತ್ರವಿಟ್ಟು ಹಿಡಿದುಕೊಂಡೂ ಹೋದರು. ಆದರೆ ಆ ಸಿನಿಮಾ ವಡಗರದ ಟಾಕೀಸಿಗೆ ಬಂದಾಗ ಅವಳು ಎರಡನೇ ಮಗಳ ಬಾಣಂತನದಲ್ಲಿದ್ದಳು. ಅದು ಓಡಿದ್ದು ಒಂದೇ ವಾರ. ಊರಿನಿಂದ ಹೋಗಿ ನೋಡಿದವನು ಒಬ್ಬನೇ ಒಬ್ಬ, ಚಹಾದಂಗಡಿಯ ಮೊಯ್ದು. ಅವನು ಬಂದು ಹೇಳಿದ ಮಾತು ಊರಿನ ಮಾತಾಯಿತು:

“ಕಡಲಿತ್ತು, ದೋಣಿ ಇತ್ತು, ಮೀನೂ ಇತ್ತು. ಚಿರುತೇಯಿ ಮಾತ್ರ ಇರ್ಲಿಲ್ಲ.”

ಈಗ ಮೊಯ್ದುವಿಗೆ ಎಂಬತ್ತು, ಚಿರುತೇಯಿಗೆ ಅರವತ್ತೆರಡು. ಹೋದ ತಿಂಗಳು ಅವಳ ಮೊಮ್ಮಗಳು ಶಾರ್ಜಾದ ಅಂಗಡಿಯೊಂದರಲ್ಲಿ ಅದೇ ಸಿನಿಮಾದ ಡಿಸ್ಕು ಕಂಡು, ರಜೆಗೆ ಬರುವವರ ಕೈಯಲ್ಲಿ ಕಳಿಸಿಕೊಟ್ಟಳು. ಚಿರುತೇಯಿ ಅದನ್ನು ಎದೆಗವಚಿಕೊಂಡು ನೇರ ವಾಚನಾಲಯಕ್ಕೆ ಬಂದು, ಕಾರ್ಯದರ್ಶಿಯಾಗಿದ್ದ ಮೇಷ್ಟ್ರು, ದಾಮೋದರನ್ ಮಾಷ್ ಅವರ ಮೇಜಿನ ಮೇಲೆ ಇಟ್ಟಿದ್ದಳು.

“ಮಾಷೇ, ಎಲ್ರನ್ನೂ ಕರೀರಿ. ನಾನು ಅದ್ರಲ್ಲಿ ಇಲ್ದಿದ್ರೆ ನಾನೇ ಎದ್ದು ನಿಂತು ‘ಸುಳ್ಳು ಹೇಳ್ದೆ’ ಅಂತೀನಿ. ಇದ್ರೆ, ಇನ್ಮೇಲೆ ಈ ಊರಲ್ಲಿ ಯಾರೂ ಆ ಮಾತು ಆಡಬಾರದು.”

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇರಂ ಬೋರ್ಡು ಗೋಡೆಗೆ ಒರಗಿತ್ತು. ಎದುರಿಗೆ ಪರದೆಯಾಗಿ ಬಿಳಿ ಪಂಚೆ, ಅದೇ ಮುಂಡು, ಬಿಗಿದು ಕಟ್ಟಿ, ಕಂಪ್ಯೂಟರಿಗೆ ಪ್ರೊಜೆಕ್ಟರು ಸಿಕ್ಕಿಸಿದ್ದರು. ಚಿರುತೇಯಿ ಮುಂದಿನ ಬೆಂಚಿನ ಮೇಲೆ ಜರಿಯಂಚಿನ ಕಸವಿನ ಸೀರೆಯುಟ್ಟು ಕೂತಿದ್ದಳು. ಅವಳ ಕಾಲಬುಡದಲ್ಲಿ ವಾಚನಾಲಯದ ಹಳದಿ ಬೆಕ್ಕು ನಿದ್ದೆ ಹೊಡೆಯುತ್ತಿತ್ತು. ಮೊಯ್ದು ಪಕ್ಕದ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಬೀಡಿ ಎಳೆಯುತ್ತಿದ್ದ.

ದಾಮೋದರನ್ ಮಾಷ್ ಡಿಸ್ಕನ್ನು ಕಂಪ್ಯೂಟರಿಗೆ ತಿನ್ನಿಸಿದರು. ಡ್ರೈವು ಗರಗರ ತಿರುಗಿತು, ಕೆಮ್ಮಿತು, ಮತ್ತೆ ತಿರುಗಿತು, ಸುಮ್ಮನಾಯಿತು. ಹೊರಗೆ ತೆಗೆದು ಮತ್ತೆ ಹಾಕಿದರು. ಮತ್ತೆ ಅದೇ.

“ನೋಡಿದ್ರಾ?” ಎಂದ ಮೊಯ್ದು. “ಮಿಶಿನ್ನಿಗೂ ಚಿರುತೇಯಿ ಸಿಕ್ತಾ ಇಲ್ಲ.”

ಜನ ಗೊಳ್ಳೆಂದರು. ಚಿರುತೇಯಿ ತಿರುಗಿಯೂ ನೋಡಲಿಲ್ಲ. ಅವಳ ಬೆರಳುಗಳು ಮಾತ್ರ ಸೆರಗಿನ ತುದಿಯನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದವು. ಹಿಂದೆ ನಿಂತಿದ್ದ ಪವಿತ್ರನ್ ಅದನ್ನು ಕಂಡ. ರೇಡಿಯೊ, ಟೇಪು, ಟೀವಿ ರಿಪೇರಿ ಮಾಡುತ್ತಾ ಈಗ ಕಂಪ್ಯೂಟರಿಗೆ ಬಂದು ನಿಂತಿದ್ದ ಅವನಿಗೆ ಒಂದು ಗೊತ್ತಿತ್ತು. ಕೆಟ್ಟ ಯಂತ್ರದ ಮುಂದೆ ಹತ್ತು ಜನ ಸೇರಿದರೆ ಕೆಡಿಸಲು ಹನ್ನೊಂದನೆಯವನು ಬೇಕಿಲ್ಲ. ಅವನು ಜನರನ್ನು ಸರಿಸಿಕೊಂಡು ಮುಂದೆ ಬಂದ.

“ಮಾಷೇ, ಮೊದ್ಲು ಬೇರೆ ಯಾವ್ದಾದ್ರೂ ಒಂದು ಹಾಕಿ.”

ಯಾರದೋ ಮದುವೆಯ ಸಿಡಿ ಇತ್ತು. ಹಾಕಿದ ಕೂಡಲೇ ಮುಂಡಿನ ಮೇಲೆ ಬಿರಿಯಾನಿ ಬಡಿಸುವ ದೃಶ್ಯ ಬಂತು. ಹಿಂದಿನಿಂದ “ಇದೇ ಇರ್ಲಿ ಮಾಷೇ!” ಎಂದು ಕೂಗಿದರು.

“ಮಿಶಿನ್ನು ಸತ್ತಿಲ್ಲ,” ಎಂದ ಪವಿತ್ರನ್. ಶಾರ್ಜಾದ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದ. ಅದರ ಮೇಲೆ ಕಾಮನಬಿಲ್ಲು ಇರಬೇಕಾದ ಜಾಗದಲ್ಲಿ ಮಂಜು ಕವಿದಂತಿತ್ತು. ಮೂಗಿನ ಹತ್ತಿರ ತಂದು ಮೂಸಿದ. ಅವನಿಗೆ ನಗು ತಡೆಯಲಾಗಲಿಲ್ಲ.

“ಏಡತ್ತೀ, ಇದಕ್ಕೇನು ಹಚ್ಚಿದ್ರಿ?”

“ಏನಿಲ್ಲ ಮೋನೇ. ಅಷ್ಟು ದೂರದಿಂದ ಬಂದದ್ದಲ್ವಾ, ಸ್ವಲ್ಪ ಮಂಕಾಗಿತ್ತು. ಎರಡು ತೊಟ್ಟು ತೆಂಗಿನೆಣ್ಣೆ ಹಾಕಿ ಉಜ್ಜಿದೆ. ದೀಪಕ್ಕೆ ಉಜ್ಜೋದಿಲ್ವಾ, ಹಾಗೆ.”

“ಎರಡು ತೊಟ್ಟಾ?”

“ಅಂಗೈಗೆ ಎಷ್ಟು ಬಂತೋ ಅಷ್ಟು.”

ಪವಿತ್ರನ್ ಬಾವಿಕಟ್ಟೆಗೆ ಹೋದ. ಪಾತ್ರೆ ತೊಳೆಯುವ ಸಾಬೂನನ್ನು ನೀರಿನಲ್ಲಿ ಕದಡಿ, ಬೆರಳ ತುದಿಯಿಂದ ಮೆಲ್ಲಗೆ ತೊಳೆದ. ತನ್ನ ಹಳೇ ಮುಂಡಿನ ಮೆತ್ತನೆಯ ತುದಿಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ, ಸುತ್ತ ತಿರುಗಿಸಿ ಒರೆಸಲಿಲ್ಲ. ಸುತ್ತ ಒರೆಸಿದರೆ ಗೀರು ಅಕ್ಷರದ ಸಾಲಿನುದ್ದಕ್ಕೂ ಬಿದ್ದು, ಓದುವ ಕಣ್ಣು ದಾರಿ ತಪ್ಪುತ್ತದೆ. ಅಡ್ಡ ಗೀರಾದರೆ ಹಾರಿ ದಾಟುತ್ತದೆ. ಇದನ್ನು ಅವನು ನಾಲ್ಕಾರು ಡಿಸ್ಕು ಹಾಳು ಮಾಡಿಯೇ ಕಲಿತಿದ್ದ.

ಈಗ ಡ್ರೈವು ಓದಿತು. ಆದರೆ ಮುಂಡಿನ ಮೇಲೆ ಸಿನಿಮಾ ಬರಲಿಲ್ಲ, ಒಂದು ಸಣ್ಣ ಚೌಕ ಬಂತು.

“ವೀಸಾ ಕೇಳ್ತಾ ಇದೆ,” ಎಂದ ಪವಿತ್ರನ್.

ಈ ಊರಿನಲ್ಲಿ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಸಿನಿಮಾದ ಡಿಸ್ಕು ಮಾಡುವವರು ಲೋಕವನ್ನು ಹೋಳು ಮಾಡಿ ಹಂಚಿಕೊಂಡಿದ್ದಾರೆ. ಗಲ್ಫಿನ ಡಿಸ್ಕು ಗಲ್ಫಿನ ಡ್ರೈವಿನಲ್ಲಿ ಓಡಬೇಕು, ಇಲ್ಲಿನದು ಇಲ್ಲಿ. ಡ್ರೈವನ್ನು ಅಲ್ಲಿಗೆ ಬದಲಿಸಬಹುದು, ಮತ್ತೆ ಇಲ್ಲಿಗೆ ತರಬಹುದು, ಆದರೆ ಎಲ್ಲ ಸೇರಿ ಐದೇ ಸಲ. ಐದನೆಯದಾದ ಮೇಲೆ ಎಲ್ಲಿದೆಯೋ ಅಲ್ಲೇ. ಮನೆಗೊಬ್ಬರು ಗಲ್ಫಿನಲ್ಲಿರುವ ಊರು ಇದಕ್ಕೆ ವೀಸಾ ಎಂದು ಹೆಸರಿಟ್ಟುಬಿಟ್ಟಿತ್ತು.

“ಎಷ್ಟು ಉಳಿದಿದೆ?” ಎಂದರು ಮಾಷ್.

“ಒಂದು.”

“ಒಂದೇ? ನಾಲ್ಕು ಯಾರು ತಿಂದ್ರು?”

“ಮೊಯ್ದಿಕ್ಕಾ ದುಬೈಯಿಂದ ಕುಸ್ತಿ ಡಿಸ್ಕು ತಂದಿದ್ರಲ್ಲ? ಹೋಗ್ತಾ ಒಂದು, ಬರ್ತಾ ಒಂದು. ಆಮೇಲೆ ಅದೇ ಕುಸ್ತಿ ಇನ್ನೊಂದ್ಸಲ ನೋಡ್ಬೇಕು ಅಂದ್ರು.”

ಎಲ್ಲರ ಕಣ್ಣೂ ಮೊಯ್ದುವಿನ ಮೇಲೆ ಬಿತ್ತು. ಅವನು ಬೀಡಿಯ ತುದಿಯನ್ನು ಬಹಳ ಶ್ರದ್ಧೆಯಿಂದ ನೋಡಿದ.

ಕೊನೆಯದನ್ನು ಒತ್ತಿದರೆ ವಾಚನಾಲಯದ ಡ್ರೈವು ಜನ್ಮವಿಡೀ ಗಲ್ಫಿನದ್ದೇ. ಮುಂದಿನ ತಿಂಗಳ ಚಿತ್ರೋತ್ಸವಕ್ಕೆ ತರಿಸಿದ್ದ ನಾಲ್ಕೂ ಸಿನಿಮಾ ಇಲ್ಲಿನವು. ದಾಮೋದರನ್ ಮಾಷ್ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

“ಇದು ವಾಚನಾಲಯದ ಸೊತ್ತು. ತುರ್ತು ಮಹಾಸಭೆ ಸೇರದೆ ತೀರ್ಮಾನಿಸೋ ಹಾಗಿಲ್ಲ. ಹಾಜರಿದ್ದವರೆಲ್ಲ ಹಾಜರಿದ್ದಾರೆ ಅಂತ ಬರ್ಕೊಳ್ತೇನೆ.”

“ಮಾಷೇ, ಕೈಮುಗೀತೀನಿ, ಭಾಷಣ ಬೇಡ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಭಾಷಣ ಇಲ್ಲ. ಸ್ವಾಗತ ಮಾತ್ರ.”

ನಡಾವಳಿ ಪುಸ್ತಕ ಬಂತು. ಒಬ್ಬ ಎದ್ದು, ಚಿತ್ರೋತ್ಸವವೇ ಮುಖ್ಯ, ಒಬ್ಬರ ಹಠಕ್ಕೆ ಊರಿನ ಯಂತ್ರ ಬಲಿಯಾಗಬಾರದು ಎಂದ. ಇನ್ನೊಬ್ಬ, ಕುಸ್ತಿಗೆ ಬಲಿಯಾದಾಗ ಈ ನ್ಯಾಯ ಎಲ್ಲಿ ಮಲಗಿತ್ತು ಎಂದು ಕೇಳಿದ. ಗಲಾಟೆಯಾಯಿತು. ಪವಿತ್ರನ್ ಚಿರುತೇಯಿಯನ್ನು ನೋಡಿದ. ಅವಳು ಮುಂಡಿನ ಮೇಲಿನ ಸಣ್ಣ ಚೌಕವನ್ನೇ ನೋಡುತ್ತಿದ್ದಳು, ಅದರ ಹಿಂದೆ ತಾನು ನಿಂತಿರುವಂತೆ. ಮೂವತ್ತೇಳು ವರ್ಷ ಈ ಹೆಂಗಸು ಮನೆಮನೆಗೆ ಮೀನು ಕೊಟ್ಟು, ಬೆನ್ನ ಹಿಂದೆ ತನ್ನ ಹೆಸರನ್ನೇ ಬೈಗುಳವಾಗಿ ಕೇಳಿದ್ದಳು.

“ನನ್ನ ಅಂಗಡಿ ಡ್ರೈವನ್ನ ಉತ್ಸವಕ್ಕೆ ತಂದು ಕೂರಿಸ್ತೇನೆ,” ಎಂದ ಅವನು ಗಟ್ಟಿಯಾಗಿ. “ಇದು ಗಲ್ಫಿಗೆ ಹೋಗ್ಲಿ. ಕೈ ಎತ್ತಿ.”

ಒಂದೊಂದೇ ಕೈ ಎದ್ದಿತು. ಎಲ್ಲರಿಗಿಂತ ಮೇಲೆ, ಬೀಡಿ ಹಿಡಿದ ಒಂದು ಕೈ.

“ನೀವಾ, ಮೊಯ್ದಿಕ್ಕಾ?”

“ನಾನೇ. ಅವಳು ಇಲ್ದಿರೋದನ್ನ ಇನ್ನೊಮ್ಮೆ ನೋಡೋ ಭಾಗ್ಯ ಯಾಕೆ ಬಿಡ್ಲಿ?”

ಪವಿತ್ರನ್ ಒತ್ತಿದ. ಚೌಕ ಹೋಯಿತು. ಮುಂಡಿನ ಮೇಲೆ ಕಪ್ಪು ಬಿಳುಪಿನ ಕಡಲು ಉಕ್ಕಿತು. ತಮ್ಮದೇ ಕಡಲು, ಅಲೆಗೆ ತಡೆಗೋಡೆ ಕಟ್ಟುವ ಮೊದಲಿನದು. “ಅಯ್ಯೋ, ಅದು ಕುಂಞಪ್ಪನ ತೆಂಗಿನತೋಟ!” “ಆ ದೋಣಿ ನಮ್ಮಜ್ಜನದು!” ಜನ ಸಿನಿಮಾ ನೋಡುವುದು ಬಿಟ್ಟು ಊರು ನೋಡತೊಡಗಿದರು.

ಒಂದು ಗಂಟೆ ಹತ್ತು ನಿಮಿಷ ಎಲ್ಲವೂ ಸರಿಯಾಗಿತ್ತು. ನಾಯಕಿ ದೀಪ ಹಿಡಿದು ಹಾಡಲು ಬಾಯಿ ತೆರೆದವಳು ತೆರೆದ ಬಾಯಲ್ಲೇ ನಿಂತುಬಿಟ್ಟಳು. ಚಿತ್ರ ಚೂರುಚೂರಾಯಿತು. ಡ್ರೈವು ಕೆಮ್ಮತೊಡಗಿತು.

“ಹಾಡಾದ ಮೇಲೆ ನಾನು ಬರೋದು,” ಎಂದಳು ಚಿರುತೇಯಿ. “ಅವರೇ ಹೇಳಿದ್ರು, ಹಾಡಾದ ಕೂಡ್ಲೇ ಅಂತ.”

ಈ ಸಲ ಯಾರೂ ನಗಲಿಲ್ಲ, ಮೊಯ್ದು ಕೂಡ.

ಡಿಸ್ಕನ್ನು ಓದುವುದು ನಡುವಿನಿಂದ ಅಂಚಿಗೆ ಎಂದು ಪವಿತ್ರನ್‌ಗೆ ಗೊತ್ತಿತ್ತು. ಅಂಚಿಗೆ ಹೋದಷ್ಟೂ ಓದುವುದು ಕಷ್ಟ. ಕಣ್ಣು ಚುರುಕಾಗಿದ್ದರೆ ದಾಟುತ್ತದೆ, ಮಂಕಾಗಿದ್ದರೆ ಇಲ್ಲಿ ಬಂದು ಎಡವುತ್ತದೆ. ತಪ್ಪು ಈಗ ಡಿಸ್ಕಿನದ್ದಲ್ಲ. ಅವನು ಕರೆಂಟು ತೆಗೆದು, ಡ್ರೈವನ್ನು ಹೊರಗೆಳೆದು, ನಾಲ್ಕು ತಿರುಪು ಬಿಚ್ಚಿ ಮುಚ್ಚಳ ಎತ್ತಿದ. ಒಳಗೆ ಹೆಸರುಕಾಳಿನಷ್ಟು ಒಂದು ಗಾಜಿನ ಕಣ್ಣು. ಎದುರು ಮನೆಯ ನರ್ಸಮ್ಮ ಸ್ಪಿರಿಟ್ಟು ಕೊಟ್ಟಳು. ಪೊರಕೆಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದ್ದಿ, ಹಿಂಡಿ, ಮಲಗಿದ ಮಗುವಿನ ರೆಪ್ಪೆ ಒರೆಸುವಂತೆ ಮುಟ್ಟಿದ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಎತ್ತಿ ಎಲ್ಲರಿಗೂ ತೋರಿಸಿದ.

“ಇದೇನು ಗೊತ್ತಾ? ಬೀಡಿ.”

ದಿನಾ ಸಂಜೆ ಕೇರಂ ಬೋರ್ಡಿನ ಸುತ್ತ ಕೂತು ಹೊಗೆ ಬಿಟ್ಟವರೆಲ್ಲ ಗೋಡೆಯ ಕಡೆ ನೋಡಿದರು. ಕಂಪ್ಯೂಟರಿನ ಪಕ್ಕದ ಕುರ್ಚಿ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು.

“ನಾಲ್ಕು ವೀಸಾನೂ ನಿಮ್ದೇ, ಹೊಗೇನೂ ನಿಮ್ದೇ,” ಎಂದಳು ಚಿರುತೇಯಿ. “ನನ್ನನ್ನ ಮುಚ್ಚಿಡೋಕೆ ಎಷ್ಟು ಕಷ್ಟಪಟ್ರಿ ಕಾಕಾ!”

ಮೊಯ್ದು ಬೀಡಿಯನ್ನು ಹೊಸಕಿ ಕಿಟಕಿಯಾಚೆ ಎಸೆದ.

ತಿರುಪು ಬಿಗಿದು, ತಂತಿ ಸಿಕ್ಕಿಸಿ, ಮತ್ತೆ ಹಾಕಿದಾಗ ನಾಯಕಿ ಬಾಯಿ ಮುಚ್ಚದೆ ಹಾಡು ಮುಂದುವರಿಸಿದಳು. ಉದ್ದ ಹಾಡು. ಮುಗಿಯುವ ಲಕ್ಷಣವಿರಲಿಲ್ಲ. ಮೊಯ್ದು ಅಭ್ಯಾಸಬಲದಿಂದ ಎದ್ದು, ಕಿವಿಯ ಸಂದಿಯಿಂದ ಇನ್ನೊಂದು ಬೀಡಿ ತೆಗೆದು ಬಾಗಿಲ ಕಡೆ ನಡೆದ. ಹೊಸ್ತಿಲಲ್ಲಿ ಬೆಂಕಿಕಡ್ಡಿ ಗೀರಬೇಕು ಎನ್ನುವಷ್ಟರಲ್ಲಿ ಹಾಡು ನಿಂತಿತು. ಕಡಲು ಕಂಡಿತು. ಹುಡುಗಿಯೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು, ಬೆನ್ನು ತೋರಿಸಿಕೊಂಡು ಮರಳಿನ ಮೇಲೆ ಓಡಿದಳು. ಮುಖ ಕಾಣಲಿಲ್ಲ. ಮುಖ ಕಾಣಲೇ ಇಲ್ಲ.

“ದೋಣಿ ಬಂತೋ!”

ಆ ಕೂಗು ಗೋಡೆಗೆ ಬಡಿದು ಬಂತು. ಚಿರುತೇಯಿಯ ಕಾಲಬುಡದ ಬೆಕ್ಕು ಚಂಗನೆ ಎದ್ದು, ಬಾಲ ನೆಟ್ಟಗೆ ಮಾಡಿ, ಒಂದೇ ನೆಗೆತಕ್ಕೆ ಮುಂಡಿನ ಬುಡಕ್ಕೆ ಹೋಗಿ ನಿಂತು ಮಿಯಾಂ ಎಂದಿತು. ದಿನಾ ಬೆಳಿಗ್ಗೆ ಏಳಕ್ಕೆ ಓಣಿಯ ತಿರುವಿನಲ್ಲಿ ಆ ದನಿ ಕೇಳಿದಾಗ ಊರಿನ ಬೆಕ್ಕುಗಳೆಲ್ಲ ಹೀಗೇ ಓಡುತ್ತವೆ.

ವಾಚನಾಲಯದ ಹೆಂಚು ಹಾರಿಹೋಗುವಂತೆ ಕೇಕೆ ಎದ್ದಿತು. ಶಿಳ್ಳೆ, ಚಪ್ಪಾಳೆ. ಹೆಂಗಸರು ಚಿರುತೇಯಿಯನ್ನು ಎತ್ತಿಕೊಳ್ಳುವುದೊಂದು ಬಾಕಿ. ಅವಳು ಅಳುತ್ತಾ ನಗುತ್ತಾ, “ಬೆನ್ನು ನೋಡಿ, ಬೆನ್ನು ನೋಡಿ, ಎಷ್ಟು ನೆಟ್ಟಗಿದ್ದೆ!” ಎಂದು ಎಲ್ಲರಿಗೂ ತೋರಿಸುತ್ತಿದ್ದಳು.

ಮೊಯ್ದು ಹೊಸ್ತಿಲಲ್ಲೇ ನಿಂತಿದ್ದ. ಕೈಯಲ್ಲಿ ಹಚ್ಚದ ಬೀಡಿ.

“ಆವತ್ತೂ ಹೀಗೇ,” ಎಂದ ಮೆಲ್ಲಗೆ. “ಹಾಡು ಬಂದ್ರೆ ಗಂಡಸರೆಲ್ಲ ಹೊರಗೆ ಬೀಡಿಗೆ ಹೋಗ್ತಿದ್ವಿ. ಒಳಗೆ ಬಂದಾಗ ದೋಣಿ ದಡಕ್ಕೆ ಬಂದಾಗಿತ್ತು.” ಅವನು ಬೆಂಚಿನ ಹತ್ತಿರ ಬಂದು ಅವಳೆದುರು ನಿಂತ. “ಚಿರುತೇಯೀ, ಮೂವತ್ತೇಳು ವರ್ಷ ಒಂದು ಬೀಡಿಯನ್ನ ನಂಬಿ ನಿನ್ನನ್ನ ಸುಳ್ಳು ಮಾಡ್ದೆ. ತಪ್ಪಾಯ್ತು.”

“ನೂರು ಜನದ ಮುಂದೆ ಹೇಳಿದ್ರಲ್ಲ ಕಾಕಾ, ಸಾಕು. ಕೂತ್ಕೊಳ್ಳಿ. ಪವಿತ್ರಾ, ಇನ್ನೊಂದ್ಸಲ ಹಾಕು.”

ಪವಿತ್ರನ್ ಇನ್ನೊಂದು ಸಲ ಹಾಕಿದ. ಬೆಕ್ಕು ಮತ್ತೆ ಎದ್ದಿತು. ಮಾಷ್ ಗದ್ದಲದ ನಡುವೆಯೇ ಎರಡನೇ ಗೊತ್ತುವಳಿ ಬರೆದರು: ಚಿರುತೇಯಿಯವರು ಸಿನಿಮಾದಲ್ಲಿ ಮಾತಾಡಿದ್ದಾರೆಂದು ಮಹಾಸಭೆ ಒಮ್ಮತದಿಂದ ಒಪ್ಪಿದೆ. ಇನ್ನು ಮುಂದೆ ‘ಏಡತ್ತಿ ಸಿನಿಮಾ’ ಎಂದರೆ ಯಾರೂ ನಂಬದಿದ್ದರೂ ನಿಜವಾದ ಮಾತು ಎಂದು ತಿಳಿಯತಕ್ಕದ್ದು.

ಆರನೇ ಸಲಕ್ಕೆ ಬೆಕ್ಕಿಗೆ ಬೇಸರ ಬಂತು. ಮೊಯ್ದು ಬೀಡಿಯ ಕಟ್ಟನ್ನೇ ತೆಗೆದು ಮಾಷ್ ಅವರ ಮೇಜಿನ ಮೇಲಿಟ್ಟ.

“ಇದನ್ನೂ ಬರ್ಕೊಳ್ಳಿ. ನಾಳೆಯಿಂದ ನಾನು ಬೀಡಿ ಮುಟ್ಟಲ್ಲ.”

ಪವಿತ್ರನ್ ತಲೆಯೆತ್ತಿದ.

“ಏಡತ್ತಿ ಸಿನಿಮಾ ತಾನೇ, ಇಕ್ಕಾ?”

ಮೊಯ್ದು ಎದೆ ಸೆಟೆದು, “ಹೌದು ಮತ್ತೆ! ಏಡತ್ತಿ ಸಿನಿಮಾ!” ಎಂದ.

ಹಳೇ ಅರ್ಥದಲ್ಲೋ ಹೊಸ ಅರ್ಥದಲ್ಲೋ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲರಿಗಿಂತ ಮೊದಲು ನಕ್ಕವಳು ಚಿರುತೇಯಿ.